ಗ್ರೊನುವಿನ ಕಲ್ಲು: ‘ದಿ ಔಲ್ ಸರ್ವಿಸ್’ ಕಾದಂಬರಿಯ ಮುಕ್ತಾಯಕ್ಕೆ ಒಂದು ಕಡೆಗಣಿತ ಆಧಾರ

ಅಲನ್ ಗಾರ್ನರ್ ಅವರ ‘ದಿ ಔಲ್ ಸರ್ವಿಸ್’ (1967) ಕಾರ್ನೆಗಿ ಪದಕವನ್ನೂ ಗಾರ್ಡಿಯನ್ ಪ್ರಶಸ್ತಿಯನ್ನೂ ಪಡೆದ ಕೃತಿ. ಹದಿಹರೆಯದವರಿಗಾಗಿ ಬಂದ ಇಂಗ್ಲಿಷ್ ಅದ್ಭುತ ಕಾದಂಬರಿಗಳ ಬಗ್ಗೆ ಬರೆಯುವವರಾರೂ ಅದನ್ನು ದಾಟಿ ಹೋಗುವುದಿಲ್ಲ. ಆದರೆ ಅದರ ಕೊನೆಯ ಪುಟಗಳ ಮೇಲೆ ಹೊರಿಸಿದ ದೂರೊಂದು ಇಂದಿಗೂ ಇಳಿದಿಲ್ಲ. ಗೂಬೆಯ ಶಕ್ತಿ ಮೈಮೇಲೆ ಬಂದು ಉಗುರುಗಾಯಗಳಿಂದ ನರಳುತ್ತಿರುವ ಅಲಿಸನ್‌ಳನ್ನು ಉಳಿಸಬೇಕಾದವನು ಗ್ವಿನ್. ಅಲ್ಲಿಯತನಕ ಓದುಗರ ಮನಸ್ಸು ಗೆದ್ದವನೂ ಅವನೇ. ಅವನು ಹಲ್ಲು ಕಚ್ಚಿ ನಿಂತುಬಿಡುತ್ತಾನೆ. ಕಾದಂಬರಿಯುದ್ದಕ್ಕೂ ಸಣ್ಣತನ ತೋರಿಸಿದ ರೋಜರ್ ಮುಂದೆ ಬಂದು, ಇವಳು ಗೂಬೆಯಲ್ಲ, ಹೂವು ಎನ್ನುತ್ತಾನೆ. ಕೋಣೆಯಲ್ಲಿ ಗರಿಗಳ ಬದಲು ಹೂವಿನ ಎಸಳುಗಳು ಉದುರುತ್ತವೆ. ಕಾದಂಬರಿಗೆ ಆಧಾರವಾದ ವೆಲ್ಷ್ ಐತಿಹ್ಯ ಮುಗಿಯುವುದು ಹೆಣ್ಣು ಗೂಬೆಯಾಗುವುದರಲ್ಲಿ, ಗಾರ್ನರ್ ಅದನ್ನು ತಿರುಗಿಸಿ ಸಿಹಿ ಲೇಪಿಸಿದ್ದಾರೆ, ಈ ಮುಕ್ತಾಯಕ್ಕೆ ಹಿಂದಿನ ಪುಟಗಳಲ್ಲಿ ಯಾವ ಸಿದ್ಧತೆಯೂ ಇಲ್ಲ ಎಂಬುದು ದೂರಿನ ಸಾರ. ಈ ದೂರಿನ ಮೊದಲ ವಾಕ್ಯವೇ ತಪ್ಪು ಎಂಬುದು ನನ್ನ ವಾದ. ಐತಿಹ್ಯ ಗೂಬೆಯಲ್ಲಿ ಮುಗಿಯುವುದಿಲ್ಲ. ಅದು ಮುಗಿಯುವುದು ನದಿ ದಂಡೆಯ ಮೇಲಿನ ಒಂದು ಕಲ್ಲಿನಲ್ಲಿ. ಆ ಕಲ್ಲನ್ನು ಬಿಟ್ಟು ಓದಿದವರಿಗೆ ರೋಜರ್ ಎಲ್ಲಿಂದಲೋ ತಂದು ನಿಲ್ಲಿಸಿದವನಂತೆ ಕಂಡರೆ ಅದು ಗಾರ್ನರ್ ಅವರ ದೋಷವಲ್ಲ.

ಮೂಲಪಾಠ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಆ ಐತಿಹ್ಯ ಬರುವ, ಮಧ್ಯಯುಗದ ವೆಲ್ಷ್ ಕಥಾಚಕ್ರ ‘ಮಬಿನೋಗಿ’ಯ ನಾಲ್ಕನೆಯ ಶಾಖೆ 14ನೆಯ ಶತಮಾನದ ನಡುವಿನ ‘ರದರ್ಖನ ಬಿಳಿ ಪುಸ್ತಕ’ದಲ್ಲೂ ಅನಂತರದ ‘ಹೆರ್ಗೆಸ್ಟ್‌ನ ಕೆಂಪು ಪುಸ್ತಕ’ದಲ್ಲೂ ಉಳಿದುಬಂದಿದೆ. ಈ ಲೋಕದ ಯಾವ ಹೆಣ್ಣೂ ನಿನಗೆ ಹೆಂಡತಿಯಾಗಲಾರಳು ಎಂದು ತಾಯಿ ಅರಿಯಾನ್ರೋಡ್ ಲೈಗೆ ವಿಧಿಸುವುದು, ಮಾಂತ್ರಿಕರಾದ ಮಾಥ್ ಮತ್ತು ಗ್ವಿಡಿಯನ್ ಇಬ್ಬರೂ ಹೂಗಳಿಂದ ಬ್ಲೊದೈವೆದ್ ಎಂಬ ಹೆಣ್ಣನ್ನು ಮಾಡಿ ಅವನಿಗೆ ಕೊಡುವುದು, ಅವಳು ಪೆನ್ಲಿನ್‌ನ ಒಡೆಯ ಗ್ರೊನುವಿಗೆ ಒಲಿದು ಗಂಡನ ಕೊಲೆಗೆ ಸಂಚು ಹೂಡುವುದು, ಇವೆಲ್ಲ ಎಲ್ಲರಿಗೂ ಗೊತ್ತು. ಗ್ರೊನುವಿನ ಈಟಿ ತಗುಲಿದ ಲೈ ಹದ್ದಾಗಿ ಹಾರಿಹೋಗಿ, ಗ್ವಿಡಿಯನ್ ಅವನನ್ನು ಹುಡುಕಿ ಮತ್ತೆ ಮನುಷ್ಯನನ್ನಾಗಿ ಮಾಡಿದ ಮೇಲಿನ ಕ್ರಮವನ್ನು ಮಾತ್ರ ಬಹಳ ಜನ ಗಮನಿಸಿಲ್ಲ. ಮೊದಲು ಬ್ಲೊದೈವೆದ್‌ಳ ಶಿಕ್ಷೆ: ಗ್ವಿಡಿಯನ್ ಅವಳನ್ನು ಕೊಲ್ಲುವುದಿಲ್ಲ, ಹಗಲಿನಲ್ಲಿ ಮುಖ ತೋರಿಸಲಾಗದ, ಉಳಿದ ಹಕ್ಕಿಗಳೆಲ್ಲ ಕಂಡಲ್ಲಿ ಕುಕ್ಕುವ ಗೂಬೆಯನ್ನಾಗಿ ಮಾಡುತ್ತಾನೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಪೆನ್ಲಿನ್‌ಗೆ ಓಡಿಹೋದ ಗ್ರೊನು ಅಲ್ಲಿಂದ ರಾಜಿಗೆ ದೂತರನ್ನು ಕಳುಹಿಸುತ್ತಾನೆ. ಕನ್‌ವೈಲ್ ನದಿಯ ದಂಡೆಯಲ್ಲಿ ಲೆಕ್ಕ ತೀರುತ್ತದೆ. ಲೈಯ ಈಟಿಯಿಂದ ತೂತುಬಿದ್ದ ಕಲ್ಲು ಅರ್ದಿದ್ವಿ ಸೀಮೆಯ ಆ ದಂಡೆಯಲ್ಲಿ ಈಗಲೂ ಇದೆ, ಆದ್ದರಿಂದಲೇ ಅದಕ್ಕೆ ಗ್ರೊನುವಿನ ಕಲ್ಲು ಎಂಬ ಹೆಸರು ಎಂದು ನಿರೂಪಕ ಹೇಳುತ್ತಾನೆ. ಅದಾದ ಮೇಲೆ ಉಳಿಯುವುದು, ಲೈ ತನ್ನ ನಾಡನ್ನು ಮರಳಿ ಪಡೆದು ಆಳಿದ ಎಂಬ ಸಮಾಪ್ತಿಯ ಮಾತು ಮಾತ್ರ.

ಇಷ್ಟು ಸ್ಪಷ್ಟವಾದ ಕ್ರಮ ಕಣ್ಣಿಗೆ ಬೀಳದಿರಲು ಕಾರಣ ಒಂದು ಹಳೆಯ ಪೂರ್ವಗ್ರಹ. ಮಬಿನೋಗಿಯ ನಿರೂಪಕನಿಗೆ ತಾನು ಹೇಳುತ್ತಿರುವುದರ ಮರ್ಮ ಪೂರ್ತಿ ತಿಳಿದಿರಲಿಲ್ಲ, ಹಾಳುಬಿದ್ದ ಮಹಾನಗರದ ಕಲ್ಲುಗಳನ್ನು ಆಯ್ದು ಗುಡಿಸಲು ಕಟ್ಟಿಕೊಂಡ ರೈತನಂಥವನು ಅವನು ಎಂಬರ್ಥದ ಮಾತನ್ನು ಮ್ಯಾಥ್ಯೂ ಆರ್ನಲ್ಡ್ 1867ರಲ್ಲಿ ಆಡಿದರು. ವೆಲ್ಷ್ ಭಾಷೆ ಬಾರದ ವಿಮರ್ಶಕನ ಈ ಮಾತಿಗೆ ವೆಲ್ಷ್ ಪಂಡಿತರೇ ತಲೆಬಾಗಿದ್ದು ದುರದೃಷ್ಟ. ಡಬ್ಲ್ಯು. ಜೆ. ಗ್ರಫಿಡ್ ಅವರ ‘ಮಾಥ್ ವಾಬ್ ಮಾಥೊನ್ವಿ’ (1928) ದೊಡ್ಡ ವಿದ್ವತ್ತಿನ ಗ್ರಂಥ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೈಯಲ್ಲಿರುವ ಕಥೆಯನ್ನು ಓದುವುದಕ್ಕಿಂತ, ಅದರ ಹಿಂದೆ ಇದ್ದಿರಬಹುದಾದ ಕಳೆದುಹೋದ ಕಥೆಯನ್ನು ಐರಿಷ್ ಕಥೆಗಳ ನೆರವಿನಿಂದ ಮತ್ತೆ ಕಟ್ಟುವುದಕ್ಕೆ ಹೊರಟಿತು. ಈ ದಾರಿ ಹಿಡಿದರೆ ಊರುಕೇರಿಗಳ ಹೆಸರಿಗೆ ಕಾರಣ ಹೇಳುವ ವಾಕ್ಯಗಳೆಲ್ಲ ಬಾಲಂಗೋಚಿಗಳಾಗುತ್ತವೆ. (ಇಫರ್ ವಿಲಿಯಮ್ಸ್ ಅವರ 1930ರ ಸಂಪಾದನೆಯನ್ನು ನಾನು ಗ್ರಫಿಡ್ ಅವರ ಗ್ರಂಥಕ್ಕಿಂತ ಮೇಲೆ ಇಡುವುದು ಇದೇ ಕಾರಣಕ್ಕೆ. ಅದು ಇರುವ ಪಾಠದ ಮೇಲೆ ಕಾಲೂರಿ ನಿಂತಿದೆ.) 1948ರಲ್ಲಿ ಬಂದ ರಾಬರ್ಟ್ ಗ್ರೇವ್ಸ್ ಅವರ ‘ದಿ ವೈಟ್ ಗಾಡೆಸ್’ ಇನ್ನೂ ಮುಂದೆ ಹೋಯಿತು. ಅವರ ಪಾಲಿಗೆ ಬ್ಲೊದೈವೆದ್ ಒಬ್ಬ ದೇವಿ, ಲೈ ಮತ್ತು ಗ್ರೊನು ಋತುಚಕ್ರದಂತೆ ಸರದಿಯಲ್ಲಿ ಅವಳಿಗೆ ಬಲಿಯಾಗುವ ರಾಜರು. ಗಾರ್ನರ್ ಓದುಗರಲ್ಲಿ ಅನೇಕರು ಮಧ್ಯಯುಗದ ಪಾಠಕ್ಕೆ ಹೋಗುವ ಮೊದಲೇ ಗ್ರೇವ್ಸ್ ಅವರನ್ನು ಓದಿರುತ್ತಾರೆ. ದೇವಿಯೇ ಕಥೆಯ ಕೇಂದ್ರ ಎಂದು ಒಮ್ಮೆ ಒಪ್ಪಿಕೊಂಡವರಿಗೆ ಅವಳು ಗೂಬೆಯಾದ ಕೂಡಲೇ ಕಥೆ ಮುಗಿದಂತೆ ತೋರುವುದು ಸಹಜ. ಷಾರ್ಲಟ್ ಗೆಸ್ಟ್ ಅವರ 19ನೆಯ ಶತಮಾನದ ಅನುವಾದದಲ್ಲೂ ಕಲ್ಲಿನ ವಾಕ್ಯ ಇದ್ದೇ ಇದೆ. ಕೊರತೆ ಇದ್ದದ್ದು ಪಾಠದಲ್ಲಲ್ಲ, ಓದಿನಲ್ಲಿ.

ಸ್ಥಳನಾಮಗಳಿಗೆ ಕಾರಣ ಹೇಳುವ ವಾಕ್ಯಗಳು ಈ ಶಾಖೆಯಲ್ಲಿ ಬೇಕಾದಷ್ಟಿವೆ, ಕಲ್ಲಿನದು ಅವುಗಳಲ್ಲಿ ಒಂದು ಅಷ್ಟೆ ಎಂದು ಹೇಳುವವರಿದ್ದಾರೆ. ಇದಕ್ಕೆ ಉತ್ತರ ಕೊಡಲೇಬೇಕು. ಗ್ವಿಡಿಯನ್ ಪ್ರಿಡೇರಿಯ ಹಂದಿಗಳನ್ನು ಮೋಸದಿಂದ ಹೊಡೆದುಕೊಂಡು ಬರುವಾಗ ರಾತ್ರಿ ತಂಗಿದ ಜಾಗಗಳಿಗೆಲ್ಲ ಹಂದಿಯ ಹೆಸರು ಅಂಟಿಕೊಳ್ಳುತ್ತದೆ, ನಿಜ. ಆ ಹೆಸರುಗಳನ್ನು ತೆಗೆದುಹಾಕಿದರೂ ಹಂದಿಯ ಕಥೆಗೆ ಏನೂ ಕುಂದಿಲ್ಲ. ಕಲ್ಲಿನದು ಹಾಗಲ್ಲ; ಅದನ್ನು ತೆಗೆದರೆ ಗ್ರೊನುವಿನ ಸಾವೇ ಇಲ್ಲ. ವೀರಗಲ್ಲುಗಳ ನಾಡಿನ ಓದುಗರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಪ್ರಸಂಗವನ್ನು ಸಾವಕಾಶವಾಗಿ ನೋಡೋಣ. ಗ್ರೊನು ಮೊದಲು ಪರಿಹಾರ ಕೊಡಲು ಮುಂದಾಗುತ್ತಾನೆ: ಭೂಮಿಯೋ ಹೊನ್ನೋ ಬೆಳ್ಳಿಯೋ, ಕೇಳಿದ್ದನ್ನು ಕೊಡುತ್ತೇನೆ ಎನ್ನುತ್ತಾನೆ. ಅವಮಾನಕ್ಕೆ ಬೆಲೆ ಕಟ್ಟಿ ತೆತ್ತು ಮುಗಿಸುವುದು ಮಧ್ಯಯುಗದ ವೇಲ್ಸ್ ಕಾನೂನಿಗೆ ಒಪ್ಪಿದ ದಾರಿಯೇ. ಲೈ ಒಪ್ಪುವುದಿಲ್ಲ, ನಾನು ನಿಂತಿದ್ದ ಜಾಗದಲ್ಲಿ ನೀನು ನಿಲ್ಲು, ನೀನು ನಿಂತಿದ್ದ ಜಾಗದಿಂದ ನಾನು ಈಟಿ ಎಸೆಯುತ್ತೇನೆ ಎನ್ನುತ್ತಾನೆ. ಆಗ ಗ್ರೊನು ತನ್ನ ಬಂಟರ ಕಡೆ, ಜೊತೆಗೆ ಬೆಳೆದ ಸಾಕುಸೋದರರ ಕಡೆ ತಿರುಗಿ, ನನ್ನ ಬದಲು ಈ ಪೆಟ್ಟನ್ನು ತಿನ್ನುವವರು ಯಾರಾದರೂ ಇದ್ದೀರಾ ಎಂದು ಕೇಳುತ್ತಾನೆ. ಒಬ್ಬನೂ ಮುಂದೆ ಬರುವುದಿಲ್ಲ. (ವೇಲ್ಸ್‌ನ ‘ತ್ರಿಪದಿ’ಗಳು ಒಡೆಯನ ಕೈಬಿಟ್ಟ ಮೂರು ಪಡೆಗಳಲ್ಲಿ ಇದನ್ನೂ ಎಣಿಸುತ್ತವೆ. ಈ ಪ್ರಸಂಗ ಯಾವನೋ ಲಿಪಿಕಾರ ಕೊನೆಗೆ ಅಂಟಿಸಿದ ತುಣುಕು ಎನ್ನುವವರು ಈ ಸಾಕ್ಷ್ಯಕ್ಕೂ ಉತ್ತರ ಹೇಳಬೇಕಾಗುತ್ತದೆ.) ಹಣ ರಕ್ಷಿಸಲಿಲ್ಲ, ಬಂಟರು ರಕ್ಷಿಸಲಿಲ್ಲ. ಮೂರನೆಯದಾಗಿ ಗ್ರೊನು ಮಾತಿನ ಮರೆ ಹಿಡಿಯುತ್ತಾನೆ: ನಾನು ಮಾಡಿದ್ದು ಹೆಣ್ಣೊಬ್ಬಳ ಕಪಟಕ್ಕೆ ಸಿಕ್ಕಿ, ಆದ್ದರಿಂದ ನನಗೂ ಈಟಿಗೂ ನಡುವೆ ಆ ಕಲ್ಲನ್ನು ಇಟ್ಟುಕೊಳ್ಳಲು ಬಿಡು ಎಂದು ಬೇಡುತ್ತಾನೆ. ಲೈ ಬಿಡುತ್ತಾನೆ. ಈಟಿ ಕಲ್ಲನ್ನೂ ತೂರಿ ಗ್ರೊನುವಿನ ಬೆನ್ನೆಲುಬನ್ನೂ ಮುರಿಯುತ್ತದೆ.

ಕಲ್ಲು ಅಲ್ಲಿಗೆ ಬಂದದ್ದು ಒಂದು ಸಬೂಬಿನ ರೂಪದಲ್ಲಿ. ತಪ್ಪು ತನ್ನದಲ್ಲ, ಹೆಣ್ಣಿನದು ಎಂಬ ಸಬೂಬು. ಈಟಿ ಕಲ್ಲನ್ನು ತೂತುಮಾಡಿದಾಗ ಆ ಸಬೂಬೂ ತೂತಾಗುತ್ತದೆ. ಹೆಣ್ಣನ್ನು ಹಕ್ಕಿ ಮಾಡಿ ಅಟ್ಟಿದ ಕಥೆಯೇ, ಅವಳ ಮೇಲೆ ಎಲ್ಲ ಹೊರೆಯನ್ನೂ ಹಾಕಿ ತಪ್ಪಿಸಿಕೊಳ್ಳಲು ನೋಡಿದ ಗಂಡಸಿಗೆ ಆ ದಾರಿಯನ್ನು ಮುಚ್ಚುತ್ತದೆ. ಮುಚ್ಚಿದ್ದಕ್ಕೆ ಸಾಕ್ಷಿಯಾಗಿ ಕಲ್ಲನ್ನು ನೋಡಿ ಎನ್ನುತ್ತದೆ. ಇದು ಸ್ತ್ರೀಪರ ಕಥೆ ಎಂದು ನಾನು ಹೇಳುತ್ತಿಲ್ಲ. ಗ್ವಿಡಿಯನ್ ಕೊಟ್ಟ ಶಿಕ್ಷೆಯನ್ನು ನಿರೂಪಕ ಎಲ್ಲಿಯೂ ಪ್ರಶ್ನಿಸುವುದಿಲ್ಲ. ಆದರೆ ಗ್ರೊನುವಿನ ಮಾತನ್ನು ಪರೀಕ್ಷೆಗೆ ಒಡ್ಡಿ, ಅದು ನಿಲ್ಲಲಿಲ್ಲವೆಂದು ತೋರಿಸಿದ್ದಾನೆ. ತನ್ನ ಕೈಯಲ್ಲಿರುವ ಕಥೆಯ ಮರ್ಮ ತಿಳಿಯದವನು ಪರಿಹಾರ, ಬಂಟರು, ಸಬೂಬು ಎಂದು ಈ ಮೂರು ಮರೆಗಳನ್ನು ಒಂದರ ನಂತರ ಒಂದು ಹೀಗೆ ಜೋಡಿಸಲಾರ. ಆರ್ನಲ್ಡ್ ಅವರ ತೀರ್ಪಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಈಗ ಕಾದಂಬರಿಗೆ ಬರೋಣ. ಅಟ್ಟದ ಮೇಲೆ ಗ್ವಿನ್‌ಗೆ ಸಿಕ್ಕ ಊಟದ ತಟ್ಟೆಗಳ ಮೇಲಿನ ಚಿತ್ತಾರ ಹೂವೋ ಗೂಬೆಯೋ ಎಂಬ ಗೊಂದಲದ ಬಗ್ಗೆ ಪುಟಗಟ್ಟಲೆ ವಿಮರ್ಶೆ ಬಂದಿದೆ. ಅಲಿಸನ್ ಆ ಚಿತ್ತಾರವನ್ನು ಕಾಗದದ ಮೇಲೆ ತೆಗೆದು ಕತ್ತರಿಸಿ ಮಡಿಸಿ ಗೂಬೆಗಳನ್ನು ಮಾಡುತ್ತಾಳೆ. ತಟ್ಟೆಯ ಮೇಲೆ ಬರಿ ಬಿಳುಪು ಉಳಿಯುತ್ತದೆ. ಹಿಂದಿನ ತಲೆಮಾರುಗಳು ಕಟ್ಟಿಹಾಕಿದ್ದ ಶಕ್ತಿ ಅಲ್ಲಿಂದ ಬಿಡುಗಡೆಯಾಗುತ್ತದೆ. ಆದರೆ ತಟ್ಟೆಗಳು ಸಿಕ್ಕ ಹೊತ್ತಿನಲ್ಲೇ ನದಿಯ ಬಳಿ ಇನ್ನೊಂದು ಘಟನೆ ನಡೆಯುತ್ತದೆ. ಅಲ್ಲಿ ತೂತುಬಿದ್ದ ಕಲ್ಲಿಗೆ ಒರಗಿ ಕುಳಿತ ರೋಜರ್‌ಗೆ ಏನೋ ಕಿರುಚುತ್ತ ಹಾದುಹೋದಂತಾಗುತ್ತದೆ. ಮುಂದೆ ಅವನು ಆ ತೂತಿನ ಮೂಲಕವೇ ಬೆಟ್ಟದ ನೆತ್ತಿಯ ಮರಗಳ ಫೋಟೊ ತೆಗೆಯುತ್ತಾನೆ, ದೊಡ್ಡದು ಮಾಡಿ ತೊಳೆದಾಗ ಮರಗಳ ನಡುವೆ ಮನುಷ್ಯಾಕೃತಿಯಂಥದ್ದು ಕಾಣುತ್ತದೆ. ಅಂದರೆ ಗ್ರೊನು ನಿಂತ ಜಾಗದಲ್ಲಿ, ಕಲ್ಲಿನ ಹಿಂದೆ, ಗಾರ್ನರ್ ಆರಂಭದಿಂದಲೇ ನಿಲ್ಲಿಸಿದ್ದು ರೋಜರ್‌ನನ್ನು. ಕೊನೆಯಲ್ಲಿ ಅವನು ಎಲ್ಲಿಂದಲೋ ಬಂದವನಲ್ಲ.

ಮುಕ್ತಾಯದಲ್ಲಿ ಅವನು ಮಾಡುವುದಾದರೂ ಏನು? ಗ್ವಿನ್ ರೋಜರ್‌ನನ್ನು ಬಿಟ್ಟುಹೋದ ತಾಯಿಯ ವಿಷಯ ಎತ್ತಿ, ಎಲ್ಲಿ ಚುಚ್ಚಿದರೆ ನೋಯುತ್ತದೋ ಅಲ್ಲೇ ಚುಚ್ಚುತ್ತಾನೆ. ರೋಜರ್ ಆ ಮಾತಿಗೆ ಮಾತು ಜೋಡಿಸುವುದಿಲ್ಲ, ನುಂಗಿಕೊಳ್ಳುತ್ತಾನೆ. ನುಂಗಿಕೊಂಡ ಮೇಲೆ ಅಲಿಸನ್ ಕಡೆ ತಿರುಗಿ ಹೂವಿನ ಮಾತನ್ನು ಆಡುತ್ತಾನೆ. ಗ್ರೊನು ಪೆಟ್ಟು ತಪ್ಪಿಸಿಕೊಳ್ಳಲು ಹೆಣ್ಣಿನ ಮೇಲೆ ತಪ್ಪು ಹೊರಿಸಿ ಕಲ್ಲಿನ ಮರೆಗೆ ಹೋದ. ರೋಜರ್ ಮರೆಯಿಲ್ಲದೆ ಪೆಟ್ಟು ತಿಂದು, ಹೆಣ್ಣಿನ ಮೇಲಿದ್ದ ಆರೋಪವನ್ನು ತೆಗೆದುಹಾಕುತ್ತಾನೆ. ಇದು ಸಿಹಿ ಲೇಪನವಲ್ಲ. ಮಧ್ಯಯುಗದ ಕಥೆ ಎಲ್ಲಿ ನಿಂತಿತ್ತೋ ಆ ದಂಡೆಯಿಂದಲೇ ಇಟ್ಟ ಮುಂದಿನ ಹೆಜ್ಜೆ. ನೀಲ್ ಫಿಲಿಪ್ ಅವರ ‘ಎ ಫೈನ್ ಆ್ಯಂಗರ್’ (1981) ಗಾರ್ನರ್ ಬಗೆಗಿನ ಗಂಭೀರ ಅಧ್ಯಯನಗಳಲ್ಲಿ ಮೊದಲ ಸಾಲಿನದು. ಆದರೂ ಕಾದಂಬರಿಯ ಮುಕ್ತಾಯವನ್ನು ಗ್ರೊನುವಿನ ಬೇಡಿಕೆಯ ಪಕ್ಕದಲ್ಲಿಟ್ಟು ಓದುವ ಕೆಲಸ ಗಾರ್ನರ್ ವಿಮರ್ಶೆಯಲ್ಲಿ ಬೇರೂರಿಲ್ಲ.

ಎರಡು ಆಕ್ಷೇಪಗಳನ್ನು ಬೇಗ ಮುಗಿಸಬಹುದು. ಕಾದಂಬರಿಯಲ್ಲಿ ಕಥೆ ತಲೆಮಾರಿನಿಂದ ತಲೆಮಾರಿಗೆ ಮರುಕಳಿಸುವ ಕಲ್ಪನೆ ಗ್ರೇವ್ಸ್ ಅವರ ಚಕ್ರವನ್ನೇ ಹೋಲುತ್ತದಲ್ಲ, ಮೂಲಪಾಠದಲ್ಲೂ ಲೈ ಎರಡನೆಯ ಸಲ ನಾಡನ್ನು ವಶಪಡಿಸಿಕೊಂಡ ಎಂದಿದೆಯಲ್ಲ ಎಂದು ಕೇಳಬಹುದು. ಅದು ಕೈತಪ್ಪಿದ ಸೀಮೆಯನ್ನು ಒಡೆಯನೊಬ್ಬ ಮರಳಿ ಪಡೆದ ರಾಜಕೀಯದ ಮಾತು. ಗ್ರೊನು ಎದ್ದು ಬಂದು ಮತ್ತೆ ಕೊಲ್ಲುವ ಸೂಚನೆ ಯಾವ ಹಸ್ತಪ್ರತಿಯಲ್ಲೂ ಇಲ್ಲ. ಮರುಕಳಿಕೆ ಗಾರ್ನರ್ ಅವರ ಸ್ವಂತದ್ದು, ಅದನ್ನು ಕೂಡ ಅವರು ಋತುಗಳಿಗೆ ಕಟ್ಟಿಲ್ಲ, ಒಂದು ಕಣಿವೆಗೆ ಕಟ್ಟಿದ್ದಾರೆ. ಎರಡನೆಯ ಆಕ್ಷೇಪ ಸ್ಥಳದ್ದು. ಐತಿಹ್ಯದ ಕಲ್ಲು ಫೆಸ್ಟಿನಿಯಾಗ್ ಬಳಿಯ ಕನ್‌ವೈಲ್ ಕಣಿವೆಯದು. ಕಾದಂಬರಿಗೆ ಮಾದರಿಯಾದದ್ದು ಅದಕ್ಕೆ ದಕ್ಷಿಣದ ಮೌದುಯಿ ಸೀಮೆ. ಕಲ್ಲು ಅಷ್ಟು ಮುಖ್ಯವಾಗಿದ್ದರೆ ಅದನ್ನು ಕದಲಿಸುವುದೇಕೆ? ಹೊಸ ಕಣಿವೆಗೆ ಹೋಗುವಾಗ ಗಾರ್ನರ್ ಅರಿಯಾನ್ರೋಡ್‌ಳ ಕೋಟೆಯನ್ನು ಬಿಟ್ಟರು, ಬ್ಲೊದೈವೆದ್‌ಳ ಸಖಿಯರು ಮುಳುಗಿದ ಸರೋವರವನ್ನು ಬಿಟ್ಟರು. ಕಲ್ಲನ್ನು ಮಾತ್ರ ಹೊತ್ತುಕೊಂಡು ಹೋದರು. ಆಕ್ಷೇಪ ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ.

ಬೇಗ ಮುಗಿಸಲಾಗದ ಆಕ್ಷೇಪ ಗ್ವಿನ್‌ಗೆ ಸಂಬಂಧಿಸಿದ್ದು. ಅವನು ಮನೆಗೆಲಸದ ನ್ಯಾನ್ಸಿಯ ಮಗ, ಆ ಕಣಿವೆಯ ಹುಡುಗ. ಅದೇ ಮನೆಯ ಆಳು ಹೂವ್ ಹ್ಯಾಫ್‌ಬೇಕನ್‌ನ ಮಗನಾದ್ದರಿಂದ ಆ ನೆಲದ ಹಕ್ಕುದಾರ. ಓದು ಬಿಡಿಸಿ ಅಂಗಡಿ ಕೆಲಸಕ್ಕೆ ಹಾಕುತ್ತೇನೆಂದು ತಾಯಿ ಬೆದರಿಸುತ್ತಾಳೆ. ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳಲು ಅವನು ಗುಟ್ಟಾಗಿ ಕೊಂಡಿದ್ದ ಗ್ರಾಮಫೋನ್ ತಟ್ಟೆಗಳ ವಿಷಯವನ್ನು ಅಲಿಸನ್ ಬಾಯಿಬಿಡುತ್ತಾಳೆ, ರೋಜರ್ ಅದನ್ನೇ ಹಿಡಿದು ಹಂಗಿಸುತ್ತಾನೆ. ಇಷ್ಟೆಲ್ಲ ಅನುಭವಿಸಿದ ವೆಲ್ಷ್ ಹುಡುಗನನ್ನು ಮೂಲೆಗೆ ನಿಲ್ಲಿಸಿ, ರಜೆ ಕಳೆಯಲು ಬಂದ ಸಿರಿವಂತ ಇಂಗ್ಲಿಷ್ ಹುಡುಗನ ಕೈಯಲ್ಲಿ ಬಿಡುಗಡೆ ಮಾಡಿಸುವುದು ಅನ್ಯಾಯವಲ್ಲವೆ? ಅನ್ಯಾಯವೇ, ಕಾದಂಬರಿ ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಅನ್ಯಾಯವಾಗಿದೆ ಎಂದ ಮಾತ್ರಕ್ಕೆ ಸಿದ್ಧತೆಯಿಲ್ಲ ಎಂದಾಗುವುದಿಲ್ಲ. ಕಥೆಯಲ್ಲಿ ಗ್ವಿನ್ ನಿಂತಿರುವುದು ಲೈಯ ಸ್ಥಾನದಲ್ಲಿ, ಗಾಯಗೊಂಡವನ ಸ್ಥಾನದಲ್ಲಿ. ಲೈಯ ಪರವಾಗಿ ನ್ಯಾಯ ಪೂರ್ತಿ ಇದೆ. ಅದಕ್ಕೇ ಅವನು ಭೂಮಿಗೂ ಹೊನ್ನಿಗೂ ಜಗ್ಗುವುದಿಲ್ಲ. ಕಲ್ಲನ್ನು ಇಟ್ಟುಕೊಳ್ಳಲು ಬಿಟ್ಟನೇ ಹೊರತು ಈಟಿಯನ್ನು ಕೆಳಗಿಡಲಿಲ್ಲ. ಗ್ವಿನ್ ಕೂಡ ತನ್ನ ಈಟಿಯನ್ನು ಕೆಳಗಿಡುವುದಿಲ್ಲ, ಇಡಬೇಕೆಂದು ಕೇಳುವ ಹಕ್ಕು ಆ ಕೋಣೆಯಲ್ಲಿ ಯಾರಿಗೂ ಇಲ್ಲ. ತಪ್ಪು ಮಾಡಿದ ಕಡೆಯವನೇ ಮೊದಲು ಮಣಿಯಬೇಕು. ಗ್ವಿನ್ ಕ್ಷಮಿಸಬೇಕಿತ್ತು ಎನ್ನುವವರು ನಾಲ್ಕನೆಯ ಶಾಖೆಯಲ್ಲಿ ಲೈ ಕ್ಷಮಿಸಿದ ಒಂದೇ ಒಂದು ಕಡೆಯನ್ನು ತೋರಿಸಲಿ.