ಯಹೂದಿದ್ವೇಷ: ಧಾರ್ಮಿಕ ಪೂರ್ವಗ್ರಹಗಳ ಚರಿತ್ರೆಯಲ್ಲಿ ಅದರ ಸ್ಥಾನ

ಯಹೂದಿಗಳನ್ನು ಅವರು ಯಹೂದಿಗಳೆಂಬ ಒಂದೇ ಕಾರಣಕ್ಕೆ ಹೀಗಳೆಯುವ, ದೂರವಿಡುವ, ಶಂಕಿಸುವ, ಸಂದರ್ಭ ಒದಗಿದಾಗ ಊರು ಬಿಡಿಸುವ ಅಥವಾ ಕೊಲ್ಲುವ ಮನೋಭಾವ ಮತ್ತು ರಾಜಕಾರಣವೇ ಯಹೂದಿದ್ವೇಷ. ಇದನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರಿಗೆ ಇದು ಧಾರ್ಮಿಕ ಅಸಹನೆಯ ಇನ್ನೊಂದು ಉದಾಹರಣೆ. ಪ್ರಾಟೆಸ್ಟಂಟರು ಕ್ಯಾಥೊಲಿಕರನ್ನು ಹಳಿದಂತೆ, ಕ್ರೈಸ್ತರು ಮುಸ್ಲಿಮರನ್ನು ಹಳಿದಂತೆ. ಮತ್ತೆ ಕೆಲವರಿಗೆ ಇದು ಯಾವುದಕ್ಕೂ ಹೋಲಿಕೆಯಿಲ್ಲದ ವಿದ್ಯಮಾನ, ಹೋಲಿಸುವುದೇ ತಪ್ಪು. ಎರಡೂ ಪೂರ್ತಿ ಸರಿಯಲ್ಲ. ಯಹೂದಿದ್ವೇಷದ ಒಂದೊಂದು ಲಕ್ಷಣವನ್ನು ಬಿಡಿಯಾಗಿ ತೆಗೆದು ನೋಡಿದರೆ ಅದು ಬೇರೆಲ್ಲೋ ಸಿಕ್ಕೇ ಸಿಗುತ್ತದೆ. ಆದರೆ ಮತ ಬದಲಿಸಿದರೂ ಕಳಚದ ಕಳಂಕ ಒಂದು ಕಡೆ, ಕಾಣದ ಕೈಯೊಂದು ಲೋಕವನ್ನು ಆಡಿಸುತ್ತಿದೆಯೆಂಬ ಭಯ ಇನ್ನೊಂದು ಕಡೆ, ಇವೆರಡೂ ಒಂದೇ ಜನರ ಮೇಲೆ ಶತಮಾನಗಟ್ಟಲೆ ಒಟ್ಟಿಗೆ ಕೂತದ್ದು ಇಲ್ಲಿ. ಹಾಗೆ ಕೂತದ್ದರಿಂದಲೇ ಈ ದ್ವೇಷ ತಾನು ಬೆಳೆದ ಧರ್ಮ ಹಿಂದೆ ಸರಿದ ಮೇಲೂ, ಎಷ್ಟೋ ಕಡೆ ಯಹೂದಿಗಳೇ ಇಲ್ಲದಾದ ಮೇಲೂ ಉಳಿಯಿತು.

ಕ್ರೈಸ್ತಧರ್ಮ ಬಲಗೊಳ್ಳುವ ಮೊದಲೇ ಯಹೂದಿಗಳ ಬಗ್ಗೆ ತಾತ್ಸಾರವಿತ್ತು. ಕ್ರಿ.ಶ. 38ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಜನರ ಗುಂಪುಗಳು ಅವರ ಪ್ರಾರ್ಥನಾಮಂದಿರಗಳಿಗೆ ನುಗ್ಗಿ, ಅವರನ್ನು ಊರಿನ ಒಂದು ಮೂಲೆಗೆ ಅಟ್ಟಿದ್ದನ್ನು ಅಲ್ಲಿನವನೇ ಆದ ತತ್ತ್ವಜ್ಞಾನಿ ಫೈಲೋ ಬರೆದಿಟ್ಟಿದ್ದಾನೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಯಹೂದಿಗಳು ಪರರನ್ನು ದ್ವೇಷಿಸುವವರೆಂದು ದೂರಿದ. ಆದರೆ ಹೆಚ್ಚುಕಡಿಮೆ ಅದೇ ದೂರನ್ನು ಆತ ಆಗಿನ ಕ್ರೈಸ್ತರ ಮೇಲೂ ಹೊರಿಸಿದ್ದಾನೆ. ಅಂದರೆ ಅದು ಪರಕೀಯರನ್ನು ಕಂಡರಾಗದ ಸಾಮಾನ್ಯ ಅಸಹನೆ. ಚರ್ಚು ಮತ್ತು ಯಹೂದಿಗಳ ಸಂಬಂಧ ಹಾಗಲ್ಲ, ಅದು ದಾಯಾದಿಗಳ ವ್ಯಾಜ್ಯ. ಯೇಸು ಯಹೂದಿ, ಮೊದಲ ಶಿಷ್ಯರು ಯಹೂದಿಗಳು, ಹಳೆಯ ಒಡಂಬಡಿಕೆ ಯಹೂದಿಗಳ ಗ್ರಂಥ. ತಾನೇ ನಿಜವಾದ ಇಸ್ರಾಯೇಲ್ ಎಂದು ಹಕ್ಕು ಸಾಧಿಸಿದ ಹೊಸ ಧರ್ಮಕ್ಕೆ, ಅದೇ ಗ್ರಂಥ ಓದಿ ಬೇರೆಯೇ ತೀರ್ಮಾನಕ್ಕೆ ಬಂದ ಜನ ಕಣ್ಣೆದುರಿಗೆ ಇರುವುದೇ ಇರುಸುಮುರುಸು. ಯೇಸುವಿನ ಮರಣದ ಹೊಣೆಯನ್ನು ಇಡೀ ಜನಾಂಗದ ಮೇಲೆ ಹೊರಿಸುವ ಬೋಧನೆ ಈ ಹಿನ್ನೆಲೆಯಲ್ಲಿ ಬೆಳೆಯಿತು. ಸಂತ ಅಗಸ್ಟೀನ್ ಇದಕ್ಕೊಂದು ಮಿತಿ ಹಾಕಿದ: ಯಹೂದಿಗಳನ್ನು ಕೊಲ್ಲಬಾರದು, ಅವರು ಚದುರಿ, ಅಧೀನರಾಗಿ ಬದುಕಲಿ, ಅವರ ಗ್ರಂಥ ಕ್ರೈಸ್ತರ ಸತ್ಯಕ್ಕೆ ಸಾಕ್ಷಿಯಾಗಲಿ. ಹಳೆಯ ದೇವತೆಗಳ ಆರಾಧನೆಯೆಲ್ಲ ನೆಲಸಮವಾದ ಯೂರೋಪಿನಲ್ಲಿ ಯಹೂದಿಗಳು ಉಳಿದದ್ದರಲ್ಲಿ ಈ ಮಾತಿನ ಪಾಲು ದೊಡ್ಡದು. ಆದರೆ ಅವರನ್ನು ಉಳಿಸಿಕೊಂಡದ್ದು ಸೋತವರ ಮಾದರಿಯಾಗಿ.

ಮುಸ್ಲಿಂ ರಾಜ್ಯಗಳೊಂದಿಗೆ ಹೋಲಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಯಹೂದಿ, ಕ್ರೈಸ್ತ ಇಬ್ಬರೂ ಒಂದೇ ಕಾನೂನಿನಡಿ ಜಿಜಿಯಾ ತೆತ್ತು, ಕೆಳಗಿನ ಸ್ಥಾನ ಒಪ್ಪಿಕೊಂಡು ಬಾಳಬೇಕಿತ್ತು. ಅದನ್ನು ಸಹಬಾಳ್ವೆಯ ಸುವರ್ಣಯುಗವೆಂದು ಹೊಗಳುವವರು 1066ರ ಗ್ರನಾಡಾದ ಹತ್ಯಾಕಾಂಡವನ್ನೂ 1839ರಲ್ಲಿ ಇರಾನಿನ ಮಶ್ಹದ್‌ನಲ್ಲಿ ನಡೆದ ಬಲವಂತದ ಮತಾಂತರವನ್ನೂ ಮರೆಯುತ್ತಾರೆ. ಆದರೂ ಕುರಾನಿನ ಪ್ರಕಾರ ಯೇಸುವನ್ನು ಶಿಲುಬೆಗೇರಿಸಿ ಕೊಲ್ಲಲೇ ಇಲ್ಲವಾದ್ದರಿಂದ, ಯಹೂದಿಗಳ ಖಂಡನೆ ಎಷ್ಟಿದ್ದರೂ ದೇವರನ್ನು ಕೊಂದವರೆಂಬ ಆರೋಪಕ್ಕೆ ಅಲ್ಲಿ ಎಡೆಯಿರಲಿಲ್ಲ. 1840ರಲ್ಲಿ ಡಮಾಸ್ಕಸ್‌ನಲ್ಲಿ ಕ್ಯಾಪುಚಿನ್ ಸನ್ಯಾಸಿಯೊಬ್ಬ ಕಾಣೆಯಾದಾಗ, ಯಹೂದಿಗಳು ರಕ್ತಕ್ಕಾಗಿ ಅವನನ್ನು ಕೊಂದರೆಂಬ ಕಥೆಗೆ ಬಲ ಕೊಟ್ಟವನು ಅಲ್ಲಿದ್ದ ಫ್ರಾನ್ಸಿನ ಕಾನ್ಸಲ್. ಕಥೆ ಬಂದದ್ದು ಯೂರೋಪಿನ ದಾಸ್ತಾನಿನಿಂದ.

ಆ ದಾಸ್ತಾನು ತುಂಬಿದ್ದು 12ನೇ ಶತಮಾನದಿಂದೀಚೆಗೆ. ಅದಕ್ಕೂ ಮುಂಚೆ, 1096ರಲ್ಲಿ, ಮೊದಲ ಕ್ರುಸೇಡಿಗೆ ಹೊರಟವರು ವೋರ್ಮ್ಸ್, ಮೈಂಜ್ ಊರುಗಳಲ್ಲಿ ಯಹೂದಿಗಳನ್ನು ಕೊಂದರು, ಉಳಿದವರಿಗೆ ಬಲವಂತದ ಜ್ಞಾನಸ್ನಾನ ಮಾಡಿಸಿದರು. ಮರುವರ್ಷ ಚಕ್ರವರ್ತಿ ನಾಲ್ಕನೆಯ ಹೆನ್ರಿ, ಹಾಗೆ ಮತಾಂತರಗೊಂಡವರು ತಮ್ಮ ಧರ್ಮಕ್ಕೆ ಮರಳಬಹುದೆಂದು ಅಪ್ಪಣೆ ಕೊಟ್ಟ. ಅಲ್ಲಿಯವರೆಗೆ ಅದು ಇನ್ನೂ ಮತದ ಪ್ರಶ್ನೆಯೇ. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗ ಸತ್ತುಬಿದ್ದಿದ್ದ. ಕೆಲವು ವರ್ಷಗಳ ಬಳಿಕ ಥಾಮಸ್ ಆಫ್ ಮನ್ಮತ್ ಎಂಬ ಸನ್ಯಾಸಿ ಆ ಸಾವನ್ನು ಯಹೂದಿಗಳ ತಲೆಗೆ ಕಟ್ಟಿ ಗ್ರಂಥವನ್ನೇ ಬರೆದ. ಅದರಲ್ಲೊಂದು ವಿವರವನ್ನು ಗಮನಿಸಬೇಕು: ಯಹೂದಿ ಮುಖ್ಯರು ಪ್ರತಿವರ್ಷ ನಾರ್ಬೋನಿನಲ್ಲಿ ಸೇರಿ, ಈ ಬಾರಿ ಯಾವ ದೇಶದಲ್ಲಿ ಕ್ರೈಸ್ತನ ಬಲಿಯಾಗಬೇಕೆಂದು ಚೀಟಿ ಎತ್ತುತ್ತಾರಂತೆ. ದೇಶ ದೇಶಗಳ ಗಡಿ ಮೀರಿದ ಗುಪ್ತಸಭೆಯ ಕಲ್ಪನೆ ಇಲ್ಲಿಗಾಗಲೇ ತಯಾರಾಗಿದೆ. ಪೋಪ್ ನಾಲ್ಕನೆಯ ಇನೊಸೆಂಟ್ 1247ರಲ್ಲಿ ರಕ್ತದ ಆರೋಪವನ್ನು ತಳ್ಳಿಹಾಕಿದ, ಜನ ಕಿವಿಗೊಡಲಿಲ್ಲ. 1321ರಲ್ಲಿ ಫ್ರಾನ್ಸಿನಲ್ಲಿ ಹಬ್ಬಿದ ವದಂತಿಯಂತೂ ಮೂರು ಭಯಗಳನ್ನು ಒಂದೇ ಹಗ್ಗಕ್ಕೆ ಕಟ್ಟಿತು: ಗ್ರನಾಡಾದ ಮುಸ್ಲಿಂ ದೊರೆ ಹಣ ಕೊಟ್ಟ, ಯಹೂದಿಗಳು ಒಳಸಂಚು ನಡೆಸಿದರು, ಕುಷ್ಠರೋಗಿಗಳು ಬಾವಿಗಳಿಗೆ ವಿಷ ಹಾಕಿದರು. 1348ರಲ್ಲಿ ಪ್ಲೇಗ್ ಬಂದಾಗ ಬಾವಿಯ ವಿಷದ ಮಾತು ಮತ್ತೆ ಎದ್ದಿತು. ಯಹೂದಿಗಳೂ ಅದೇ ಪ್ಲೇಗಿಗೆ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ಕಡೆಯೂ ಪ್ಲೇಗ್ ಇದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ ಎಷ್ಟು ನೇರವಾಗಿ ಹೇಳಿದರೂ, 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ತನ್ನ ನೂರಾರು ಯಹೂದಿಗಳನ್ನು ಸುಟ್ಟಿತು. ಆ ಊರಿಗೆ ಪ್ಲೇಗ್ ಆಗಿನ್ನೂ ಕಾಲಿಟ್ಟಿರಲಿಲ್ಲ.

ಇದರ ಮೂಲ ಧರ್ಮದಲ್ಲಲ್ಲ, ಬಡ್ಡಿಯಲ್ಲಿದೆ ಎಂಬುದು ಹಳೆಯ ಆಕ್ಷೇಪ. ಜಮೀನು, ವೃತ್ತಿಸಂಘ ಎರಡೂ ಮುಚ್ಚಿದ್ದರಿಂದ ಯಹೂದಿಗಳಲ್ಲಿ ಹಲವರು ಲೇವಾದೇವಿಗೆ ಇಳಿದದ್ದು, ದೊರೆಗಳು ಅವರಿಂದ ಹಿಂಡಿ ಜನರ ಸಿಟ್ಟನ್ನು ಅವರ ಕಡೆಗೆ ತಿರುಗಿಸಿದ್ದು ನಿಜ. ಸಾಲಗಾರನ ಸಿಟ್ಟು ಇಲ್ಲಿ ಕೆಲಸ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದೇ ಕಾಲದಲ್ಲಿ ಉತ್ತರ ಇಟಲಿಯ ಲೊಂಬಾರ್ಡರೂ ಬಡ್ಡಿ ವ್ಯಾಪಾರ ನಡೆಸಿದರು. ಅವರನ್ನೂ ಶಪಿಸಿದರು, ಓಡಿಸಿದರು. ಅವರು ಮಕ್ಕಳ ರಕ್ತ ಹಿಂಡುತ್ತಾರೆಂದು ಮಾತ್ರ ಯಾರೂ ಹೇಳಲಿಲ್ಲ. ಇಂಗ್ಲೆಂಡ್ 1290ರಲ್ಲಿ ಯಹೂದಿಗಳನ್ನೆಲ್ಲ ಹೊರಹಾಕಿತು, ಮತ್ತೆ ಅವರಿಗೆ ಜಾಗ ಸಿಕ್ಕಿದ್ದು 1656ರ ಹೊತ್ತಿಗೆ. ನಡುವಿನ ಕಾಲದಲ್ಲಿ ಅಲ್ಲಿನವರಾರೂ ಯಹೂದಿ ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ಆದರೂ ಚಾಸರ್ ತನ್ನ ಕಥೆಯೊಂದರಲ್ಲಿ ಮಗುವಿನ ಕತ್ತು ಕೊಯ್ಯುವ ಯಹೂದಿಗಳನ್ನು ತಂದ, ಶೇಕ್ಸ್‌ಪಿಯರ್‌ನ ಶೈಲಾಕ್ ರಂಗದ ಮೇಲೆ ಬಂದ. ಅರ್ಥಶಾಸ್ತ್ರ ಒಂದು ಗಲಭೆಯನ್ನು ವಿವರಿಸಬಲ್ಲದು. ಎದುರಾಳಿಯೇ ಇಲ್ಲದ ನಾಡಿನಲ್ಲಿ ಮೂರೂವರೆ ಶತಮಾನ ಬಾಳಿದ ಚಿತ್ರವನ್ನು ವಿವರಿಸಲಾರದು.

ನಿರ್ಣಾಯಕ ತಿರುವು ಸ್ಪೇನಿನದು. 1391ರ ಗಲಭೆಗಳಲ್ಲಿ ಸಾವಿರಾರು ಯಹೂದಿಗಳು ಜೀವ ಉಳಿಸಿಕೊಳ್ಳಲು ಕ್ರೈಸ್ತರಾದರು. ಚರ್ಚು ಬಯಸಿದ್ದೂ ಅದನ್ನೇ. ಹೊಸ ಕ್ರೈಸ್ತರು ಅಧಿಕಾರಿಗಳಾದರು, ಪಾದ್ರಿಗಳಾದರು, ಶ್ರೀಮಂತ ಮನೆತನಗಳಿಗೆ ಹೆಣ್ಣು ಕೊಟ್ಟು ತಂದರು. ಆಗ, 1449ರಲ್ಲಿ, ಟೊಲೇಡೊ ನಗರ ಯಹೂದಿ ಮೂಲದವರಿಗೆ ಯಾವ ಸರ್ಕಾರಿ ಹುದ್ದೆಯೂ ಇಲ್ಲವೆಂದು ಶಾಸನ ಹೊರಡಿಸಿತು. ಜ್ಞಾನಸ್ನಾನ ಪಡೆದವರೆಲ್ಲ ಒಂದೇ ಎಂದು ಪೋಪ್ ಐದನೆಯ ನಿಕೊಲಾಸ್ ಅದನ್ನು ಖಂಡಿಸಿದರೂ ರಕ್ತಶುದ್ಧಿಯ ನಿಯಮ ಮಠಗಳಿಗೆ, ಕಾಲೇಜುಗಳಿಗೆ, ಸೈನಿಕ ಪಂಗಡಗಳಿಗೆ ಹಬ್ಬಿತು. ಜೆಸ್ಯೂಟ್ ಸಂಘದ ಎರಡನೆಯ ಮಹಾಧ್ಯಕ್ಷ ಡಿಯೇಗೊ ಲೈನೆಸ್ ಯಹೂದಿ ಮೂಲದವನು. ಅದೇ ಸಂಘ 1593ರಲ್ಲಿ ಯಹೂದಿ, ಮುಸ್ಲಿಂ ಮೂಲದವರಿಗೆ ಬಾಗಿಲು ಮುಚ್ಚಿತು, ಆ ನಿಯಮವನ್ನು ಪೂರ್ತಿ ಕೈಬಿಟ್ಟದ್ದು 1946ರಲ್ಲಿ. ಹೊಸ ಕ್ರೈಸ್ತರ ಮೇಲಿನ ಈ ಗುಮಾನಿ ಪೋರ್ಚುಗೀಸರ ಹಡಗೇರಿ ನಮ್ಮ ಪಶ್ಚಿಮ ಕರಾವಳಿಗೂ ಬಂತು. ವೈದ್ಯ ಗಾರ್ಸಿಯಾ ದ ಓರ್ಟಾ 1534ರಲ್ಲಿ ಗೋವೆಗೆ ಬಂದು, ಇಲ್ಲಿನ ಗಿಡಮೂಲಿಕೆಗಳ ಬಗೆಗಿನ ತನ್ನ ಪ್ರಸಿದ್ಧ ಗ್ರಂಥವನ್ನು 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ. ಅವನ ತಂದೆತಾಯಿ ಸ್ಪೇನಿನಿಂದ ಹೊರಬಿದ್ದು ಪೋರ್ಚುಗಲ್ಲಿನಲ್ಲಿ ಬಲವಂತದ ಜ್ಞಾನಸ್ನಾನಕ್ಕೆ ಒಳಗಾದವರು. ಓರ್ಟಾ 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕಾತರೀನಾಳನ್ನು ಗೋವೆಯ ಇನ್‌ಕ್ವಿಸಿಶನ್ ನ್ಯಾಯಮಂಡಳಿ ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು ಸುಟ್ಟಿತು. 1580ರಲ್ಲಿ ಓರ್ಟಾನ ಗೋರಿ ಅಗೆದು ಮೂಳೆಗಳನ್ನು ತೆಗೆದು ಸುಟ್ಟರು. ಅದೇ ನ್ಯಾಯಮಂಡಳಿ ಮುಂದೆ ಹೆಚ್ಚಾಗಿ ಹಿಂದೂ ಮೂಲದ ಕ್ರೈಸ್ತರ ಬೆನ್ನು ಹತ್ತಿತು. 1736ರ ಅದರ ಶಾಸನ ಮನೆಯಂಗಳದ ತುಳಸಿಯನ್ನೂ ಉಪ್ಪು ಹಾಕದೆ ಬೇಯಿಸುವ ಅನ್ನವನ್ನೂ ನಿಷೇಧಿಸಿತು. ಕೊಂಕಣಿ ಕುಟುಂಬಗಳು ಗೋವೆ ಬಿಟ್ಟು ಕನ್ನಡ ಕರಾವಳಿಗೆ ಇಳಿದ ಹಲವು ಕಾರಣಗಳಲ್ಲಿ ಈ ನ್ಯಾಯಮಂಡಳಿಯ ಕಾಟವೂ ಒಂದು. ಎರಡೂ ಕಡೆ ಆರೋಪ ಆಚರಣೆಯದೇ. ಆದರೆ ಹೊಸ ಕ್ರೈಸ್ತನೆಂಬ ಹಣೆಪಟ್ಟಿ ಮಾತ್ರ ಆಚರಣೆ ಮರೆತ ಮೊಮ್ಮಕ್ಕಳಿಗೂ ಅಂಟಿಕೊಂಡಿತ್ತು. ಪೋರ್ಚುಗಲ್ ಅದನ್ನು ಕಾನೂನಿನಿಂದ ತೆಗೆದದ್ದು 1773ರಲ್ಲಿ.

ಬೇರೆ ಪೂರ್ವಗ್ರಹಗಳನ್ನು ಪಕ್ಕದಲ್ಲಿಟ್ಟು ನೋಡಬೇಕಾದ್ದು ಇಲ್ಲಿಯೇ. ಗುಪ್ತ ಸಂಚಿನ ಭಯ ಯಹೂದಿಗಳಿಗೆ ಮಾತ್ರ ಮೀಸಲಾಗಿರಲಿಲ್ಲ. 1614ರಲ್ಲಿ ಕ್ರಾಕೋವ್‌ನಲ್ಲಿ ಜೆಸ್ಯೂಟರ ರಹಸ್ಯ ಸೂಚನೆಗಳೆಂಬ ಖೊಟ್ಟಿ ಪುಸ್ತಕ ಹೊರಬಂದು ಯೂರೋಪಿನಾದ್ಯಂತ ಓಡಾಡಿತು. 1678ರಲ್ಲಿ ಟೈಟಸ್ ಓಟ್ಸ್ ಎಂಬವನು ಕ್ಯಾಥೊಲಿಕರು ಇಂಗ್ಲೆಂಡಿನ ದೊರೆಯನ್ನು ಕೊಲ್ಲಲು ಹೊಂಚಿದ್ದಾರೆಂದು ಕಟ್ಟಿದ ಸುಳ್ಳಿಗೆ ಹಲವರು ಗಲ್ಲಿಗೇರಿದರು. 1666ರ ಲಂಡನ್ ಬೆಂಕಿಗೂ ಕ್ಯಾಥೊಲಿಕರೇ ಕಾರಣವೆಂದು ಸ್ಮಾರಕದ ಕಲ್ಲಿನ ಮೇಲೆಯೇ ಕೆತ್ತಿಸಿದ್ದರು. ಅದನ್ನು ಕೊನೆಗೂ ಅಳಿಸಿದ್ದು ಕ್ಯಾಥೊಲಿಕರಿಗೆ 1829ರಲ್ಲಿ ಹಕ್ಕುಗಳು ಸಿಕ್ಕ ಮೇಲೆ. ಆದರೆ ಇಂಗ್ಲಿಷ್ ಕ್ಯಾಥೊಲಿಕನೊಬ್ಬ ಪ್ರಮಾಣವಚನ ತೆಗೆದುಕೊಂಡು ಆಂಗ್ಲಿಕನ್ ಚರ್ಚಿಗೆ ಸೇರಿದರೆ ಅವನ ಮೊಮ್ಮಗನ ರಕ್ತವನ್ನು ಯಾರೂ ಕೆದಕುತ್ತಿರಲಿಲ್ಲ. ಇತ್ತ, ರಕ್ತದ ತರ್ಕವೂ ಯಹೂದಿಗಳೊಬ್ಬರ ಪಾಲಿನದಲ್ಲ: ಸ್ಪೇನ್ 1609ರಿಂದ 1614ರವರೆಗೆ ಸುಮಾರು 3 ಲಕ್ಷ ಮೊರಿಸ್ಕೋಗಳನ್ನು, ಅಂದರೆ ತಲೆಮಾರುಗಳ ಹಿಂದೆಯೇ ಜ್ಞಾನಸ್ನಾನ ಪಡೆದ ಮುಸ್ಲಿಂ ಮೂಲದವರನ್ನು, ಹೊರಗಟ್ಟಿತು. ಭಾರತದ ಓದುಗರಿಗೆ ಅಸ್ಪೃಶ್ಯತೆ ನೆನಪಾದರೆ ಅದೂ ಸಹಜವೇ. ಮತ ಬದಲಿಸಿದ ದಲಿತರನ್ನು ಚರ್ಚಿನೊಳಗೂ ಜಾತಿ ಹಿಂಬಾಲಿಸಿದೆ. ಅಲ್ಲಿ ಕಳಂಕ ಹುಟ್ಟಿನದು, ಇನ್ನೂ ಆಳದ್ದು. ಆದರೆ ದಲಿತರು ಬ್ಯಾಂಕುಗಳನ್ನೂ ಪತ್ರಿಕೆಗಳನ್ನೂ ಸರ್ಕಾರಗಳನ್ನೂ ಗುಟ್ಟಾಗಿ ಆಳುತ್ತಿದ್ದಾರೆಂದು ಅವರನ್ನು ತುಳಿದವರು ಹೇಳಿಕೊಂಡಿಲ್ಲ. ಯಹೂದಿದ್ವೇಷದಲ್ಲಿ ಕೀಳೆಂಬ ತಿರಸ್ಕಾರ, ಸರ್ವಶಕ್ತನೆಂಬ ಭೀತಿ ಎರಡೂ ಒಟ್ಟಿಗಿವೆ. ಗೆಟ್ಟೋದ ಬಡ ಚಿಂದಿ ವ್ಯಾಪಾರಿಯೂ ಲೋಕದ ಖಜಾನೆಯ ಒಡೆಯನೂ ಒಬ್ಬನೇ ಎಂದು ನಂಬಲು ಅದು ಹಿಂಜರಿಯುವುದಿಲ್ಲ.

19ನೇ ಶತಮಾನದಲ್ಲಿ ಈ ಹೆಣಿಗೆ ಧರ್ಮದ ನೆಪವನ್ನೂ ಕಳಚಿಕೊಂಡಿತು. 1879ರಲ್ಲಿ ವಿಲ್ಹೆಲ್ಮ್ ಮಾರ್ ಜರ್ಮನಿಯಲ್ಲಿ ಪ್ರಕಟಿಸಿದ ಪುಸ್ತಿಕೆ ತನ್ನದು ಮತಾತೀತ ದೃಷ್ಟಿ ಎಂದು ಶೀರ್ಷಿಕೆಯಲ್ಲೇ ಸಾರಿಕೊಂಡಿತು. 1903ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪತ್ರಿಕೆಯೊಂದರಲ್ಲಿ ಬಂದ ‘ಜಿಯೋನ್ ಹಿರಿಯರ ಪ್ರೋಟೊಕಾಲ್‌ಗಳು’ ನಾರ್ಬೋನಿನ ಗುಪ್ತಸಭೆಯನ್ನೇ ಹೊಸ ಅಂಗಿ ತೊಡಿಸಿ ನಿಲ್ಲಿಸಿದವು. ಅದರ ದೊಡ್ಡದೊಂದು ಭಾಗ ಮೊರೀಸ್ ಜೋಲಿ 1864ರಲ್ಲಿ ಮೂರನೆಯ ನೆಪೋಲಿಯನ್ನನ ವಿರುದ್ಧ ಬರೆದ ವಿಡಂಬನೆಯಿಂದ ಕದ್ದದ್ದೆಂದು ಲಂಡನ್ನಿನ ‘ದಿ ಟೈಮ್ಸ್’ 1921ರಲ್ಲಿ ಸಾಲು ಸಾಲಾಗಿ ತೋರಿಸಿಕೊಟ್ಟಿತು. ಆದರೂ ಅದರ ಮಾರಾಟ ನಿಲ್ಲಲಿಲ್ಲ. ಇಲ್ಲಿ ಕೆಲವರು ಹೇಳುವುದುಂಟು: ಹಳೆಯದು ಧಾರ್ಮಿಕ ವಿರೋಧ, ಇದು ಜನಾಂಗದ್ವೇಷ, ಎರಡಕ್ಕೂ ನಂಟಿಲ್ಲ, ಚರ್ಚನ್ನು ಇದರೊಳಗೆ ಎಳೆಯಬಾರದು. ವಾದದಲ್ಲಿ ಹುರುಳಿದೆ, ಅಗಸ್ಟೀನನ ಬೋಧನೆಯಿಂದ ಅನಿಲಕೋಣೆಗೆ ನೇರ ದಾರಿಯಿಲ್ಲ. ಆದರೆ 1935ರ ನ್ಯೂರೆಂಬರ್ಗ್ ಕಾನೂನು ಯಾರು ಯಹೂದಿ ಎಂದು ನಿರ್ಧರಿಸಿದ್ದು ಹೇಗೆಂದು ನೋಡಬೇಕು. ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾದರೆ ನೀನೂ ಯಹೂದಿ. ಅಜ್ಜ ಯಹೂದಿಯೇ ಎಂಬುದಕ್ಕೆ ಅವನು ಯಹೂದಿ ಧರ್ಮಸಭೆಗೆ ಸೇರಿದ್ದನೆಂಬುದೇ ಆಧಾರ. ರಕ್ತದಲ್ಲಿ ಏನೂ ಸಿಗದ ಜನಾಂಗವಾದಿಗಳು ಕೊನೆಗೆ ಚರ್ಚಿನ ಜ್ಞಾನಸ್ನಾನದ ದಫ್ತರುಗಳನ್ನೇ ಬಿಚ್ಚಿ ಕೂತರು. ಎಡಿತ್ ಸ್ಟೈನ್ ಯಹೂದಿ ಮನೆಯಲ್ಲಿ ಹುಟ್ಟಿ, ಕ್ಯಾಥೊಲಿಕ್ ಆಗಿ, ಕಾರ್ಮೆಲೈಟ್ ಸನ್ಯಾಸಿನಿಯಾದವಳು. 1942ರ ಜುಲೈಯಲ್ಲಿ ಹಾಲೆಂಡಿನ ಬಿಷಪ್ಪರು ಯಹೂದಿಗಳ ಗಡೀಪಾರನ್ನು ಬಹಿರಂಗವಾಗಿ ಪ್ರತಿಭಟಿಸಿದರು. ಆಗಸ್ಟಿನಲ್ಲಿ ನಾತ್ಸಿಗಳು ಯಹೂದಿ ಮೂಲದ ಕ್ಯಾಥೊಲಿಕರನ್ನು ಹುಡುಕಿ ಹಿಡಿದರು, ಆಕೆ ಆಶ್ವಿಟ್ಸ್‌ನಲ್ಲಿ ಕೊಲೆಯಾದಳು. ಎರಡನೆಯ ಮಹಾಯುದ್ಧದಲ್ಲಿ ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಯಾರ ನಂಬಿಕೆ ಏನೆಂದು ಕೊಂದವರು ಕೇಳಲಿಲ್ಲ.

ಹೀಗೆ ವಿಶಿಷ್ಟವೆನ್ನುವುದರಿಂದ ಉಳಿದವರ ಸಂಕಟ ಹಗುರವಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರಿಸಲೇಬೇಕು. ವಿಶಿಷ್ಟತೆ ಯಾತನೆಯ ಅಳತೆಯಲ್ಲ. 1995ರಲ್ಲಿ ಸ್ರೆಬ್ರೆನಿತ್ಸಾದಲ್ಲಿ ಕೊಂದ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರ ನಂಬಿಕೆಯನ್ನೂ ಯಾರೂ ವಿಚಾರಿಸಲಿಲ್ಲ. ಹೆಸರು, ಮನೆತನ ಸಾಕಾಯಿತು. ನಾತ್ಸಿಗಳು ರೊಮಾ ಜನರನ್ನೂ ಹುಟ್ಟಿನ ಕಾರಣಕ್ಕೇ ಕೊಂದರು. ಇರಾನಿನಲ್ಲಿ ಬಹಾಯಿಗಳನ್ನು ಹೊರದೇಶದ ಏಜೆಂಟರೆಂದು ಹಿಂಸಿಸುವಾಗ ಸಂಚಿನ ತರ್ಕವೇ ಕೆಲಸ ಮಾಡುತ್ತದೆ. ಹೋಲಿಕೆ ಮಾಡುವುದು ಯಾರ ದುಃಖ ದೊಡ್ಡದೆಂದು ತೂಗಲಿಕ್ಕಲ್ಲ, ಯಾವ ದ್ವೇಷ ಯಾವ ಹೊತ್ತಿನಲ್ಲಿ ಹೇಗೆ ಕೆರಳುತ್ತದೆಂದು ತಿಳಿಯಲಿಕ್ಕೆ. ತಿರಸ್ಕಾರದಿಂದ ನಡೆಯುವ ದ್ವೇಷ ಜನರನ್ನು ಕೆಳಗಿಟ್ಟು ದುಡಿಸಿಕೊಳ್ಳುತ್ತದೆ, ಅವರು ಮೇಲೇರಿದಾಗ ಹಲ್ಲು ಮಸೆಯುತ್ತದೆ. ಸಂಚಿನ ಭಯದಿಂದ ನಡೆಯುವುದಕ್ಕೆ ಆ ಜನ ಮೇಲೇರಬೇಕೆಂದೂ ಇಲ್ಲ. ಪ್ಲೇಗ್, ಯುದ್ಧದ ಸೋಲು, ಬೆಲೆಯೇರಿಕೆ, ಯಾವುದು ಬಂದರೂ ಸಾಕು.

ಯುದ್ಧ ಮುಗಿದ ಮರುವರ್ಷವೇ, 1946ರ ಜುಲೈ 4ರಂದು, ಪೋಲೆಂಡಿನ ಕೀಲ್ತ್ಸೆಯಲ್ಲಿ ಇದು ಮತ್ತೆ ಕಂಡಿತು. ಮನೆಯಿಂದ ಕಾಣೆಯಾಗಿದ್ದ ಹುಡುಗನೊಬ್ಬ ಮರಳಿ ಬಂದು, ತನ್ನನ್ನು ಯಹೂದಿಗಳು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂದ. ಅವನು ಬೆರಳು ಮಾಡಿ ತೋರಿಸಿದ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಆದರೂ ಗುಂಪು, ಜೊತೆಗೆ ಪೊಲೀಸರು ಮತ್ತು ಸೈನಿಕರು, ನಾತ್ಸಿಗಳಿಂದ ಪಾರಾಗಿ ಬಂದವರಲ್ಲಿ 42 ಜನರನ್ನು ಕೊಂದರು. ಕ್ಯಾಥೊಲಿಕ್ ಚರ್ಚು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಿಂದ ಯೇಸುವಿನ ಮರಣದ ಸಾಮೂಹಿಕ ಹೊಣೆಯನ್ನು ಯಹೂದಿಗಳ ಮೇಲಿಂದ ಇಳಿಸಿತು. ಅಷ್ಟು ಹೊತ್ತಿಗೆ ಸಂಚಿನ ಕಥೆಗೆ ಚರ್ಚಿನ ಹಂಗು ಬೇಕಿರಲಿಲ್ಲ. 1953ರ ಜನವರಿಯಲ್ಲಿ ನಾಸ್ತಿಕ ಸೋವಿಯತ್ ಸರ್ಕಾರವೇ, ಬಹುಪಾಲು ಯಹೂದಿಗಳಾಗಿದ್ದ ವೈದ್ಯರ ಗುಂಪೊಂದು ನಾಯಕರನ್ನು ಕೊಲ್ಲಲು ಹೊಂಚಿದೆಯೆಂದು ಸಾರಿತು. ಮಾರ್ಚಿನಲ್ಲಿ ಸ್ಟಾಲಿನ್ ಸತ್ತ ಮೇಲೆ ಆರೋಪ ಕಟ್ಟುಕಥೆಯೆಂದು ಒಪ್ಪಿಕೊಂಡಿತು.

ಇಂದಿನ ಜಗಳ ಹೆಚ್ಚಾಗಿ ಇಸ್ರೇಲನ್ನು ಸುತ್ತಿಕೊಂಡಿದೆ. ಅಂತರರಾಷ್ಟ್ರೀಯ ಹಾಲೊಕಾಸ್ಟ್ ಸ್ಮರಣ ಒಕ್ಕೂಟ 2016ರಲ್ಲಿ ಒಪ್ಪಿದ ವ್ಯಾಖ್ಯೆ ಆ ದೇಶದ ವಿರುದ್ಧದ ಕೆಲವು ಮಾತುಗಳನ್ನೂ ಯಹೂದಿದ್ವೇಷದ ಉದಾಹರಣೆಗಳಲ್ಲಿ ಸೇರಿಸಿತು. ಇದರಿಂದ ನ್ಯಾಯವಾದ ಟೀಕೆಯ ಬಾಯಿ ಕಟ್ಟಿದಂತಾಗುತ್ತದೆಂದು ವಿದ್ವಾಂಸರ ಇನ್ನೊಂದು ಗುಂಪು 2021ರಲ್ಲಿ ಜೆರುಸಲೇಮ್ ಘೋಷಣೆಯನ್ನು ಹೊರತಂದಿತು. ಮೇಲಿನ ಚರಿತ್ರೆಯಿಂದ ದೊರೆಯುವ ಅಳತೆಗೋಲು ಎರಡೂ ಬಣಗಳಿಗೆ ಅನ್ವಯಿಸುವಂಥದ್ದು. ಗಾಜಾದ ಬಾಂಬ್ ದಾಳಿಯನ್ನೋ ಪಶ್ಚಿಮ ದಂಡೆಯ ವಸಾಹತುಗಳನ್ನೋ ಖಂಡಿಸುವವನು ಒಂದು ಸರ್ಕಾರದ ಕೃತ್ಯವನ್ನು ಕುರಿತು ಮಾತಾಡುತ್ತಿದ್ದಾನೆ. ಅದು ಎಷ್ಟೇ ಕಟುವಾಗಿರಲಿ ರಾಜಕೀಯ ವಿಮರ್ಶೆ. ಆ ಕೃತ್ಯಕ್ಕೆ ಪ್ಯಾರಿಸ್ಸಿನ ಸಿನಗಾಗ್‌ಗೆ ಬರುವವರನ್ನು ಹೊಣೆ ಮಾಡುವವನು, ಅಥವಾ ಲೋಕದ ಸರ್ಕಾರಗಳೆಲ್ಲ ಕೆಲವೇ ಯಹೂದಿಗಳ ಮುಷ್ಟಿಯಲ್ಲಿವೆ ಎನ್ನುವವನು, ತಾನು ಧರ್ಮದ ಮಾತೇ ಎತ್ತಿಲ್ಲವೆಂದು ಎಷ್ಟು ಆಣೆಯಿಟ್ಟರೂ, ಥಾಮಸ್ ಆಫ್ ಮನ್ಮತ್ ಬರೆದದ್ದನ್ನೇ ಮತ್ತೆ ಹೇಳುತ್ತಿದ್ದಾನೆ.