ಗ್ವಾಡಿ ಒಳಗಿಂದ ಬರೋ ಊಟ

ಒಬ್ಬಾಕೀನ ಹೊಟೇಲಿಗೆ ಹೋಗಿ, ಒಂದು ಟೇಬಲ್ ಹಿಡದು ಕೂತು, ನಿಧಾನಕ್ಕ ಉಂಡು ಬಂದೀರೇನ್ರಿ ಯಾರರೆ? ಪೇಟಿಗೆ ಹೋದಾಗ ಹಸಿವಾದ್ರ ನಾವು ಮಾಡೋದೇನು, ಒಂದು ಬಿಸ್ಕಿಟ್ ಪುಡಿಕಿ ತೊಗೊಂಡು ಬಸ್ಸಿನ್ಯಾಗ ತಿನ್ನೋದು, ಇಲ್ಲಾ ಮನಿಗೆ ಹೋಗೇ ಉಂಡರಾತು ಅಂತ ತಡಕೊಳ್ಳೋದು. ಯಾರೂ ಬ್ಯಾಡ ಅಂದಿರಂಗಿಲ್ಲ. ಆದ್ರೂ ವೇಟರ್ ಬಂದು "ಎಷ್ಟು ಮಂದಿರಿ?" ಅಂತ ಕೇಳಿದಾಗ "ಒಬ್ಬಾಕಿ" ಅನ್ಲಿಕ್ಕೆ ನಾಲಿಗಿ ಏಳಂಗಿಲ್ಲ. ಐವತ್ತು ದಾಟಿದ್ರೂ ನನಗಂತೂ ಏಳಂಗಿಲ್ಲ.

ಅದಕ್ಕ ಇರಬೇಕು, ಇವತ್ತು ನಾ ಹೇಳೋ ಹೊಟೇಲು ಮನಸಿನ್ಯಾಗ ಕೂತುಬಿಟ್ಟದ. ಅಮೆರಿಕಾದ್ದು, ಈಗ ಇಲ್ಲ. ಹೆಸರು ಆಟೊಮ್ಯಾಟ್. ನ್ಯೂಜೆರ್ಸಿಯೊಳಗ ಇರೋ ನಮ್ಮ ಅಕ್ಕನ ಮಗಳು, "ಇದರ ಮ್ಯಾಲೆ 2021ರಾಗ ಒಂದು ಸಾಕ್ಷ್ಯಚಿತ್ರ ಬಂದದ, ನೋಡು ಮೌಶಿ" ಅಂದ್ಲು. ನೋಡಿದೆ. ಆಮ್ಯಾಲೆ ಸಿಕ್ಕಿದ್ದೆಲ್ಲಾ ಓದಿದೆ.

ಹ್ಯಾಂಗಿತ್ತಂದ್ರ, ಒಳಗ ಕಾಲಿಟ್ಟರ ಕಲ್ಯಾಣಮಂಟಪದಂಥ ದೊಡ್ಡ ಜಾಗಾ, ಹೊಳಿಯೋ ಕಲ್ಲಿನ ಟೇಬಲ್ಲು. ಗ್ವಾಡಿ ತುಂಬ ಸಣ್ಣ ಸಣ್ಣ ಗಾಜಿನ ಬಾಗಲಾ. ಬ್ಯಾಂಕಿನ ಲಾಕರ್ ಇರ್ತಾವಲ್ಲ, ಹಂಗ ಸಾಲಿಗೆ ಖಾನೆಗಳು, ಆದ್ರ ಒಳಗಿಂದು ಹೊರಗ ಕಾಣಬೇಕು. ಒಂದರಾಗ ಒಂದು ತುಂಡು ಪೈ, ಒಂದರಾಗ ಬೇಯಿಸಿದ ಬೀನ್ಸು, ಇನ್ನೊಂದರಾಗ ಚೀಸ್ ಹಾಕಿದ ಮ್ಯಾಕರೋನಿ, ಮತ್ತೊಂದರಾಗ ಕೆನಿ ಹಾಕಿ ಕುದಿಸಿದ ಪಾಲಕ್. ಮಗ್ಗಲಿನ ಸೀಳಿನ್ಯಾಗ ನಿಕಲ್, ಅಂದ್ರ ಅವರ 5 ಸೆಂಟಿನ ನಾಣ್ಯ, ಹಾಕಿ ಗುಂಡಿ ತಿರುವಿದ್ರ ಟಕ್ ಅಂತ ಬಾಗಲಾ ಸಡ್ಲಾಗ್ತಿತ್ತು. ತಾಟು ತಕ್ಕೊಂಡು ಬೇಕಾದಲ್ಲೆ ಹೋಗಿ ಕೂಡೋದು. ಕಾಫಿಗಂತೂ ಡಾಲ್ಫಿನ್ ಮಾರಿಯ ನಳ. ನಿಕಲ್ ಹಾಕಿ ಹಿಡಿಕಿ ತಿರುವಿದ್ರ ಡಾಲ್ಫಿನ್ ಬಾಯಿಂದ ಬಿಸಿ ಕಾಫಿ ಬಂದು, ಕಪ್ಪು ತುಂಬಿದ ಕೂಡ್ಲೆ ತಾನ ನಿಲ್ತಿತ್ತು. ಒಂದು ಹನಿ ಹೆಚ್ಚಿಲ್ಲ, ಕಡಿಮಿಲ್ಲ. ನಮ್ಮ ಮನಿ ಮಿಕ್ಸರ್ ಸುದ್ದಾ ಇಷ್ಟು ಹೇಳಿದ ಮಾತು ಕೇಳಂಗಿಲ್ಲ ಬಿಡ್ರಿ.

ಇದನ್ನ ನಡಿಸಿದವರು ಇಬ್ಬರು, ಜೋಸೆಫ್ ಹಾರ್ನ್ ಮತ್ತ ಫ್ರ್ಯಾಂಕ್ ಹಾರ್ಡಾರ್ಟ್. ಹಾರ್ಡಾರ್ಟ್ ಜರ್ಮನಿಯೊಳಗ ಹುಟ್ಟಿ ಅಮೆರಿಕಾದ ನ್ಯೂ ಆರ್ಲಿಯನ್ಸಿನ್ಯಾಗ ಬೆಳದವರು. ಅಲ್ಲೆ ಕಾಫಿಪುಡಿ ಮ್ಯಾಲೆ ನೀರು ಇಳಿಸಿ ಡಿಕಾಕ್ಷನ್ ತಗೀತಿದ್ರು, ನಮ್ಮ ಫಿಲ್ಟರ್ ಕಾಫಿ ಹಂಗ. 1888ರ ಡಿಸೆಂಬರ್‌ನ್ಯಾಗ ಫಿಲಡೆಲ್ಫಿಯಾದಾಗ ಇಬ್ಬರೂ ಕೂಡಿ 15 ಸ್ಟೂಲಿನ ಒಂದು ಸಣ್ಣ ಅಂಗಡಿ ಇಟ್ರು. ಆ ಕಾಫಿಯಿಂದನ ಹೆಸರಾತು. ಮುಂದ ಬರ್ಲಿನ್ನಿನ್ಯಾಗ ವೇಟರ್ ಇಲ್ಲದ ಹೊಟೇಲು ನಡೀಲಿಕ್ಕೆ ಹತ್ಯಾವ ಅಂತ ಗೊತ್ತಾಗಿ, ಅಲ್ಲಿಂದನ ಮಶೀನು ತರಿಸಿ 1902ರ ಜೂನ್‌ನ್ಯಾಗ ಫಿಲಡೆಲ್ಫಿಯಾದಾಗ ಮೊದಲನೇ ಆಟೊಮ್ಯಾಟ್ ಶುರು ಮಾಡಿದ್ರು. ನ್ಯೂಯಾರ್ಕಿಗೆ ಬಂದಿದ್ದು 1912ರ ಜುಲೈಯೊಳಗ, ಟೈಮ್ಸ್ ಸ್ಕ್ವೇರಿನ್ಯಾಗ.

ಆ ನ್ಯೂಯಾರ್ಕಿನ್ಯಾಗ ಹೆಣ್ಣಮಕ್ಕಳ ಪಾಡು ಹ್ಯಾಂಗಿತ್ತು ಅನ್ನೋದು ಗೊತ್ತಿದ್ರ ಈ ಗಾಜಿನ ಬಾಗಲದ ಕಿಮ್ಮತ್ತು ತಿಳೀತದ. 1907ರ ಮಾತು. ಹ್ಯಾರಿಯಟ್ ಸ್ಟ್ಯಾಂಟನ್ ಬ್ಲ್ಯಾಚ್ ಅಂತ, ಹೆಣ್ಣಮಕ್ಕಳಿಗೆ ಮತದಾನದ ಹಕ್ಕು ಬೇಕಂತ ಹೋರಾಡಿದವರು, ಒಬ್ಬ ಗೆಳತಿ ಜೋಡಿ ಹಾಫ್‌ಮನ್ ಹೌಸ್ ಅನ್ನೋ ಹೊಟೇಲಿನ ಮಾಳಗಿ ಮ್ಯಾಲಿನ ರೆಸ್ಟೊರೆಂಟಿಗೆ ಊಟಕ್ಕ ಹೋದ್ರು. ಸಂಗಾಟ ಗಂಡಸರಿಲ್ಲ, ಊಟ ಕೊಡಂಗಿಲ್ಲ ಅಂದ್ರು ಅಲ್ಲಿಯವರು. ಅಷ್ಟು ಓದಿದ, ಹೆಸರುವಾಸಿ ಮನೆತನದ ಹೆಣ್ಣಮಗಳು! ಕೋರ್ಟಿಗೆ ಹೋದ್ರು, ಅಲ್ಲೂ ಸೋತ್ರು. ರಾತ್ರಿ ಹೊತ್ತಿನ್ಯಾಗ ಒಬ್ಬಾಕೀನ ಉಣ್ಣಲಿಕ್ಕೆ ಬಂದಾಳಂದ್ರ ಎಂಥಾಕಿ ಇರಬೇಕು ಅನ್ನೋ ಸಂಶಯ ಹೊಟೇಲಿನವರಿಗೆ. ಹಂಗಂತ ಹೆಣ್ಣಮಕ್ಕಳು ಮನ್ಯಾಗ ಕೂತಿದ್ರೇನು? ಇಲ್ಲ. ಆಗ ಆಫೀಸುಗಳೊಳಗ ಟೈಪಿಸ್ಟರು, ಅಂಗಡಿಯೊಳಗ ಸಾಮಾನು ತೋರಸೋ ಹುಡುಗ್ಯಾರು ಸಾವಿರಗಟ್ಟಲೆ ದುಡೀಲಿಕ್ಕೆ ಹತ್ತಿದ್ರು. ಅವರಿಗೂ ಮಧ್ಯಾಹ್ನ ಹಸಿವಿರ್ತದಲ್ಲ.

ಆಟೊಮ್ಯಾಟ್‌ನ್ಯಾಗ ಯಾರೂ ಏನೂ ಕೇಳ್ತಿದ್ದಿಲ್ಲ. ಎಷ್ಟು ಮಂದಿ ಅಂತ ಕೇಳೋ ವೇಟರ್ ಇಲ್ಲ. ಟಿಪ್ಸ್ ಕೊಡೋ ತ್ರಾಸಿಲ್ಲ. ಬರೇ ಒಂದು ಕಾಫಿ ತೊಗೊಂಡಾಳ ಅಂತ ಮಾರಿ ಗಂಟು ಹಾಕ್ಕೊಳ್ಳೋರಿಲ್ಲ. ಊಟದ ಹೆಸರು ಓದಲಿಕ್ಕೆ ಬರದಿದ್ರೂ, ಇಂಗ್ಲಿಷ್ ಮಾತು ಬರದಿದ್ರೂ, ಕಣ್ಣಿಗೆ ಕಂಡದ್ದರ ಮುಂದ ನಿಂತು ನಿಕಲ್ ಹಾಕಿದ್ರಾತು. ಬ್ಯಾರೆ ಬ್ಯಾರೆ ದೇಶದಿಂದ ಹಡಗಿನ್ಯಾಗ ಬಂದು ಇಳದ ಮಂದಿಗೂ ಅದ ಅನುಕೂಲ. ಹೆಣ್ಣಮಕ್ಕಳಿಗೆ ಉಪಕಾರ ಮಾಡಬೇಕಂತ ಕಟ್ಟಿದ್ದಲ್ಲ ಅದು, ಲಗೂ ಕೆಲಸ ಆಗಲಿ, ಖರ್ಚು ಉಳೀಲಿ ಅಂತ ಕಟ್ಟಿದ್ದು. ಆದ್ರ ಉಪಕಾರ ಆತು. ಸಾಕ್ಷ್ಯಚಿತ್ರದಾಗ ಅಮೆರಿಕಾದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಸುದ್ದಾ ಇದರ ಬಗ್ಗೆ ಮಾತಾಡ್ಯಾರ. ಅವರು ಬ್ರೂಕ್ಲಿನ್ನಿನ್ಯಾಗ ಬೆಳದ ಹುಡುಗಿ.

1930ರ ಸುಮಾರಿಗೆ ಅಲ್ಲೆ ದೊಡ್ಡ ಮುಗ್ಗಟ್ಟು ಬಂತು, ಕೆಲಸಾ ಹೋಗಿ ಮಂದಿ ಬೀದಿಗೆ ಬಿದ್ರು. ಆಗ ಕೆಲವರು ಪುಕ್ಕಟೆ ಸಿಗೋ ಬಿಸಿನೀರಿಗೆ ಟೇಬಲ್ ಮ್ಯಾಲಿನ ಟೊಮ್ಯಾಟೊ ಕೆಚಪ್ ಕಲಿಸಿ ಸಾರು ಮಾಡಕೊಂಡು ಕುಡೀತಿದ್ರಂತ. ಎಬ್ಬಿಸಿ ಕಳಸೋರಿದ್ದಿಲ್ಲ. ಇದನ್ನ ಓದಿದಾಗ ನನಗ ಭಾಳ ಹೊತ್ತು ಬ್ಯಾರೆ ಕೆಲಸಕ್ಕ ಕೈ ಹತ್ತಲಿಲ್ಲ.

ಈಗ ಗ್ವಾಡಿ ಹಿಂದಿನ ಮಾತು. ಹೆಸರು ಆಟೊಮ್ಯಾಟ್, ಅಂದ್ರ ತಾನ ಆಗೋದು. ಅಡಗಿ ಎಲ್ಲೆರೆ ತಾನ ಆಗ್ತದೇನ್ರಿ? ಆ ಖಾನೆಗಳ ಹಿಂದ ತಿರುಗೋ ಉರುಳಿ ಇತ್ತು, ಅದರ ಹಿಂದ ಕೆಲಸದವರು ನಿಂತು, ಖಾಲಿ ಆದಂಗ ಆದಂಗ ತಾಟು ತುಂಬಿ ತಿರುವತಿದ್ರು. ಊಟ ಬರ್ತಿದ್ದದ್ದು ಒಂದ ದೊಡ್ಡ ಅಡಗಿಮನಿಯಿಂದ. ಎಲ್ಲಾ ಆಟೊಮ್ಯಾಟಿನ್ಯಾಗೂ ಒಂದ ರುಚಿ ಇರಬೇಕಂತ ಪ್ರತಿಯೊಂದಕ್ಕೂ ಅಳತಿ ಬರದಿಟ್ಟಿದ್ರು. ಕಾಫಿ ಮಾಡಿ 20 ನಿಮಿಷ ಆತಂದ್ರ ಚೆಲ್ಲಿ ಹೊಸಾದು ಮಾಡಬೇಕು, ಇದು ನೇಮ. ಹೊರಗ ಕಾಣತಿದ್ದವರು ರೊಕ್ಕ ಚಿಲ್ರಿ ಮಾಡಿ ಕೊಡೋ ಹೆಣ್ಣಮಕ್ಕಳು. ಗಾಜಿನ ಗೂಡಿನ್ಯಾಗ ಕೂತು, ಬಟ್ಟಿಗೆ ರಬ್ಬರಿನ ಟೊಪ್ಪಿಗಿ ಹಾಕ್ಕೊಂಡು, ಒಂದು ಡಾಲರ್ ಕೊಟ್ರ ನೋಡದನ ಸರಿಯಾಗಿ 20 ನಿಕಲ್ ಎಣಿಸಿ ಒಗೀತಿದ್ರು. ಅವರಿಗೆ "ನಿಕಲ್ ಒಗಿಯೋರು" ಅಂತನ ಹೆಸರು. ಇಡೀ ದಿನ ಅದ. 1937ರಾಗ ನ್ಯೂಯಾರ್ಕಿನ್ಯಾಗ ಇವರ ಕೆಲಸಗಾರರು ಮುಷ್ಕರ ಮಾಡಿದ್ರು. ಗ್ವಾಡಿ ಹಿಂದ ಮನಷ್ಯಾರು ಇದ್ದಾರ ಅಂತ ಊರಿಗೆ ಆವಾಗರೆ ನೆನಪಾಗಿರಬೇಕು.

1924ರಿಂದ ಇವರು ಅದ ಅಡಗಿಯನ್ನ ಡಬ್ಬಿಯೊಳಗ ಹಾಕಿ ಮನಿಗೆ ಒಯ್ಯಲಿಕ್ಕೆ ಮಾರೋ ಅಂಗಡಿನೂ ತಗದ್ರು. ಬೋರ್ಡಿನ ಮ್ಯಾಲಿನ ಘೋಷಣೆ ಏನು ಗೊತ್ತದೇನು? "ಅವ್ವನ ಕೆಲಸ ಕಡಿಮಿ" ಅಂತ! ಓದಿ ನಕ್ಕೆ. ಆಮ್ಯಾಲೆ ಹೊಳೀತು, ನಾನೂ ಈಗ ಕಟಕ ರೊಟ್ಟಿ ಪಾಕೀಟು ತರ್ತೀನಿ, ಶೇಂಗಾ ಚಟ್ನಿ ತರ್ತೀನಿ. ನನ್ನ ಕೆಲಸ ಕಡಿಮಿ ಆಗೇದ, ಖರೆ. ಆ ರೊಟ್ಟಿ ಬಡದಾಕಿ ಯಾರೋ, ಆಕಿ ದಿನಕ್ಕ ಎಷ್ಟು ಬಡೀತಾಳೋ, ಪಾಕೀಟಿನ ಮ್ಯಾಲೆ ಬರದಿರಂಗಿಲ್ಲ. ಹಂಗಂತ ತರೋದು ಬಿಡ್ರಿ ಅಂತ ನಾ ಹೇಳಂಗಿಲ್ಲ. ಆಕಿಗೂ ಪಗಾರ ಬೇಕು, ನಮ್ಮ ರಟ್ಟಿಗೂ ವಿಶ್ರಾಂತಿ ಬೇಕು.

ಇಂಥಾ ಹೊಟೇಲು ಯಾಕ ಮುಚ್ಚಿತು ಅನ್ನೋದು ಮನಿ ಖರ್ಚು ಬರಿಯೋ ನಮಗ ಲಗೂ ತಿಳೀತದ. ಮೊದಲಿನಿಂದ ಕಾಫಿಗೆ ಒಂದ ನಿಕಲ್. ಕಾಫಿಬೀಜ, ಹಾಲು, ಪಗಾರ ಎಲ್ಲಾ ತುಟ್ಟಿ ಆದ್ರೂ ನಿಕಲ್ ಒಂದ. ಕಪ್ಪಿಗೆ ಒಂದೆರಡು ಸೆಂಟ್ ಏರಿಸೋಣಂದ್ರ ಮಶೀನಿಗೆ ತಿಳಿಯೋದು ನಿಕಲ್ ಒಂದ! ಆರು ಸೆಂಟು, ಏಳು ಸೆಂಟು ಅನ್ನಲಿಕ್ಕೆ ಬರಂಗಿಲ್ಲ. ಕಡೀಕೆ 1950ರಾಗ ಏಕದಮ್ 10 ಸೆಂಟ್ ಮಾಡಬೇಕಾತು, ಗಿರಾಕಿಗಳಿಗೆ ಸಿಟ್ಟು ಬಂತು. ಅದರ ಮ್ಯಾಲೆ ಮಂದಿ ಪಟ್ಟಣದ ನಡು ಭಾಗ ಬಿಟ್ಟು ದೂರದ ಬಡಾವಣೆಗಳಿಗೆ ಹೋದ್ರು, ಬರ್ಗರ್ ಅಂಗಡಿ ಬಂದ್ವು. ಇವರ ಕೆಲವು ಜಾಗಾನೂ ಬರ್ಗರ್ ಅಂಗಡಿನ ಆದ್ವು. ನ್ಯೂಯಾರ್ಕಿನ 42ನೇ ಬೀದಿಯ ಕಡೀ ಆಟೊಮ್ಯಾಟ್ 1991ರ ಏಪ್ರಿಲ್‌ನ್ಯಾಗ ಮುಚ್ಚಿತು.

ಫಿಲಡೆಲ್ಫಿಯಾದ ಆ ಮೊದಲನೇ ಆಟೊಮ್ಯಾಟಿನ ಗ್ವಾಡಿಯ 35 ಫೂಟಿನ ಒಂದು ಭಾಗ, ಕನ್ನಡಿ, ಕೆತ್ತನಿ ಕೆಲಸದ ಸಮೇತ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಇತಿಹಾಸ ಮ್ಯೂಸಿಯಮ್ಮಿನವರ ಹತ್ರ ಅದ. ಅದನ್ನ ನೋಡ್ಲಿಕ್ಕೆ ಸಿಕ್ಕರ ಒಂದು ಫೋಟೋ ತಗದು ಕಳಸು ಅಂತ ಅಕ್ಕನ ಮಗಳಿಗೆ ಹೇಳೀನಿ. ಮುಂದಿಂದು ಬ್ಯಾಡ, ಅದನ್ನ ಎಲ್ಲಾರೂ ತಗದಾರ. ಹಿಂದಿನ ಮಗ್ಗಲದ್ದು.