ಭೀಮೆಯ ಮೀನು, ಕಾವೇರಿಯ ನಷ್ಟ

ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. ಅಮೆರಿಕದ ಯಾವುದೋ ತಣ್ಣನೆಯ ಹೊಳೆ. ಸೊಂಟದ ಮಟ ನೀರಿನಲ್ಲಿ ಒಬ್ಬನೇ ಮನುಷ್ಯ, ಕೈಯಲ್ಲಿ ಉದ್ದನೆಯ ಕೋಲು, ದಾರದ ತುದಿಗೆ ಪುಕ್ಕ ಕಟ್ಟಿದ ನಕಲಿ ಹುಳ. ದಿನವಿಡೀ ಸ್ಟೀಲ್‌ಹೆಡ್ ಅನ್ನೋ ಮೀನಿಗೆ ಕಾಯ್ತಾನೆ, ಸಿಕ್ಕರೆ ಫೋಟೊ ತೆಗೆದು ಮತ್ತೆ ನೀರಿಗೇ ಬಿಡ್ತಾನೆ. ಇದೇನು ಹುಚ್ಚಪ್ಪಾ ಅಂತ ನಗಬಹುದು. ಆದ್ರೆ ಈ ಹುಚ್ಚು ನಮ್ಮ ನಾಡಿಗೂ ಹಳೆಯದು. ಅದರ ಕತೆಯಲ್ಲಿ ನಮ್ಮ ಭೀಮಾ ನದಿಗೂ ಪಾಲಿದೆ.

ಇಲ್ಲಿ ಗಾಳ ಹಾಕೋರ ಕನಸು ಮಹಶೀರ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲೇ ಇದರ ಬೇಟೆಯ ಬಗ್ಗೆ ಪುಸ್ತಕ ಬರೆದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು 120 ಪೌಂಡಿನ ಮಹಶೀರ್ ಎಳೆದರು. ಅಂದ್ರೆ 54 ಕಿಲೊ, ಒಬ್ಬ ಮನುಷ್ಯನ ತೂಕ! ಕಾವೇರಿ ದಂಡೆಯಲ್ಲಿ ಗಾಳಕ್ಕೆ ಹಚ್ಚೋದು ರಾಗಿ ಉಂಡೆ. ನಮ್ಮ ಜೋಳದ ರೊಟ್ಟಿಗೆ ಆ ಭಾಗ್ಯ ಸಿಕ್ಕಂಗಿಲ್ಲ ಬಿಡ್ರಿ.

ಆ ದೈತ್ಯ ಮೀನು ಕಾವೇರಿ ಕೊಳ್ಳದ್ದು. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. ನಮ್ಮ ಕಡೆಯದು ಬೇರೆ ಜಾತಿ, ನೀಲಿ ರೆಕ್ಕೆಯದು. ಕರ್ನಲ್ ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ಇದಕ್ಕೆ ‘ಖುದ್ರಿ’ ಎಂಬ ಶಾಸ್ತ್ರೀಯ ಹೆಸರು ಕೊಟ್ಟ. ಮೀನು ಸಿಕ್ಕಿದ್ದು ಪುಣೆ ಹತ್ತಿರದ ಮುಳಾ-ಮುಠಾ ಹೊಳೆಯಲ್ಲಿ. ಆ ನೀರು ಭೀಮೆ ಸೇರಿ, ಪಂಢರಪುರ ದಾಟಿ, ಅಫಜಲಪುರಕ್ಕೆ ಬರ್ತದೆ. ಆಳಂದದ ಕಡೆಯಿಂದ ಬರೋ ಅಮರ್ಜಾವನ್ನ ಗಾಣಗಾಪುರದಲ್ಲಿ ಕೂಡಿಸ್ಕೊಂಡು, ಮುಂದೆ ಜೇವರ್ಗಿಯ ಕಟ್ಟಿಸಂಗಾವಿ ಸೇತುವೆ ಕೆಳಗೆ ಹಾಯ್ತದೆ.

ಅಣೆಕಟ್ಟು, ಡೈನಮೈಟ್ ಬೇಟೆಗಳಿಂದ ಮಹಶೀರ್ ಕಮ್ಮಿಯಾದಾಗ, 1970ರ ದಶಕದಿಂದ ಲೋಣಾವಳದ ಟಾಟಾ ಕಂಪನಿಯ ಕೇಂದ್ರದಲ್ಲಿ ಖುದ್ರಿ ಮರಿ ಬೆಳೆಸಿದರು. ಆ ಮರಿಗಳನ್ನ ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದ್ರೆ ಒಂದು ಹೊಳೆಯ ಮೀನನ್ನ ಇನ್ನೊಂದಕ್ಕೆ ಸುರಿಯೋ ಮೊದಲು ಅಲ್ಲಿರೋದು ಯಾವುದು ಅಂತ ನೋಡಬೇಕಿತ್ತು. ಕಾವೇರಿಯ ಗೂನು ಬೆನ್ನಿನ ಮೀನಿಗೆ ಆಗ ಸರಿಯಾದ ಶಾಸ್ತ್ರೀಯ ಹೆಸರು ಕೂಡ ಗೊತ್ತಾಗಿರಲಿಲ್ಲ!

ಎಡವಟ್ಟು ಬಯಲಾಗಿದ್ದು ಗಾಳದವರ ಲೆಕ್ಕದ ಪುಸ್ತಕದಿಂದ. ಗಾಲಿಬೋರೆ ಶಿಬಿರದಲ್ಲಿ ಹಿಡಿದ ಪ್ರತಿ ಮೀನನ್ನೂ ಬರೆದಿಟ್ಟು, ಮತ್ತೆ ನೀರಿಗೆ ಬಿಡ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನ ಸಂಶೋಧಕರು ತೆಗೆದು ನೋಡಿದಾಗ, ನೀಲಿ ರೆಕ್ಕೆಯವು ಹೆಚ್ಚುತ್ತಾ ಹೋಗಿದ್ದವು, ಗೂನು ಬೆನ್ನಿನವು ಸಿಗೋದೇ ಅಪರೂಪವಾಗಿತ್ತು. ಆಮೇಲೆ ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನ ಪರೀಕ್ಷಿಸಿ, 2018ರಲ್ಲಿ ಅದು ‘ಟಾರ್ ರೆಮಾದೇವಿ’ ಅಂತ ಗುರುತಿಸಿದರು. ಅದೇ ವರ್ಷ ಅದನ್ನ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿಸಿದರು.

ಇನ್ನು ನಮ್ಮ ಭೀಮೆಯಲ್ಲಿ? ಸೊನ್ನ ಬ್ಯಾರೇಜ್ ಆಸುಪಾಸಿನಲ್ಲಿ ಬಲೆ ಬೀಸಿದ ಹಿರಿಯರು ನಿಮ್ಮ ಮನೆಯಲ್ಲಿದ್ರೆ ಕೇಳ್ರಿ. ಅಂಗೈಯಷ್ಟು ಅಗಲದ ಹೊರಪೆ ಇರೋ ಮೀನು ನೋಡಿದ್ರಾ? ಅದಕ್ಕೆ ಏನಂತ ಕರೀತಿದ್ರು? ಅವರ ಮಾತನ್ನ ರೆಕಾರ್ಡ್ ಮಾಡಿ ನಮಗೆ ಕಳಿಸ್ರಿ.